ನಿಂತಲ್ಲೇ ಪೆಟ್ರೋಲ್ ಕುಡಿದ ಗಾಡಿ

ಬಸವಕಲ್ಯಾಣದ ಯಾವ ಅನ್ಯಾಯವೂ ಇದುವರೆಗೆ ನನ್ನ ಅಂಕಣದಿಂದ ತಪ್ಪಿಸಿಕೊಂಡಿಲ್ಲ. ತುಂಬಿ ಹರಿಯುವ ಗಟಾರ, ಬೀಗ ಬಿದ್ದ ವಾಚನಾಲಯ, ತೂಕದಲ್ಲಿ ಸುಳ್ಳಾಡುವ ತಕ್ಕಡಿ, ಎಲ್ಲವನ್ನೂ ವಾರಕ್ಕೊಮ್ಮೆ ಝಾಡಿಸಿದ್ದೇನೆ. ನಾನು ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ನನಗೆ ಬರೆಯುವುದನ್ನು ಸಿಟ್ಟೇ ಕಲಿಸಿತು. ಹೀಗಿರುವಾಗ ನನ್ನ ಸ್ವಂತ ಮೋಟಾರ್‌ಸೈಕಲ್ಲೇ ನನಗೆ ಮೋಸ ಮಾಡಿದರೆ ಸುಮ್ಮನಿರುವುದು ಹೇಗೆ? ಮೈಲೇಜ್ ಕದಿಯುವವನನ್ನು ಪತ್ತೆ ಹಚ್ಚುತ್ತೇನೆ, ಹೆಸರು ಹಾಕಿ ಅಚ್ಚು ಹಾಕಿಸುತ್ತೇನೆ ಎಂದು ಹೆಂಡತಿ ಸುಗಂಧಾಳ ಎದುರು ಶಪಥ ಮಾಡಿದೆ.

"ಮೊದಲ ಜಳಕಾ ಮಾಡ್ರಿ, ನೀರು ಕಾದಾವ," ಎಂದಳು ಅವಳು.

ಗಾಡಿ ಹಳೆಯದು. ಹುಮನಾಬಾದಿನ ದರ್ಜಿ ಅಜೀಮುದ್ದೀನ್ ಚಾಚಾ ಮೊಣಕಾಲು ನೋವೆಂದು ಬೇಸಿಗೆಯಲ್ಲಿ ಅದನ್ನು ನನಗೆ ಮಾರಿದ್ದರು. "ಲೀಟರಿಗೆ ಐವತ್ತೈದು ಕೊಡ್ತದ್ರಿ. ಇದು ನನ್ನ ಜಬಾನ್, ಕೊಟ್ಟ ಮಾತು," ಎಂದಿದ್ದರು. ಬೇಸಿಗೆಯಲ್ಲಿ ಕೊಟ್ಟಿತು. ಮಳೆಗಾಲ ಹಿಡಿದದ್ದೇ ತಡ, ಐವತ್ತೈದು ನಲವತ್ತಾಯಿತು. ಆಮೇಲೆ ನಲವತ್ತೂ ಕರಗತೊಡಗಿತು.

ಮೊದಲು ಪೆಟ್ರೋಲ್ ಬಂಕಿನವನ ಜೊತೆ ಜಗಳವಾಡಿ ಬಂಕ್ ಬದಲಿಸಿದೆ. ಆಮೇಲೆ ಮೆಕ್ಯಾನಿಕ್ ಸೋಹೇಲ ಕಾರ್ಬುರೇಟರ್ ತೊಳೆದ, ಪ್ಲಗ್ ಬದಲಿಸಿದ, ಬ್ರೇಕ್ ಹಿಡಿಯುತ್ತಿದೆಯೋ ಎಂದು ಚಕ್ರ ತಿರುಗಿಸಿ ನೋಡಿದ.

"ಗಾಡಿ ಒಂದ್ ನಂಬರ್ ಅದ್ರಿ ಸರ್. ಆದ್ರ ಪೆಟ್ರೋಲ್ ಪೈಪ್ ಯಾರೋ ಕಳಚಿ ಕಳಚಿ ಹಾಕ್ಯಾರ, ಸಡ್ಲ ಆಗ್ಯದ."

"ಯಾರೋ ಅಲ್ಲ, ನೀನೇ," ಎಂದು ಅವನಿಗೂ ಬೈದು ಬಂದೆ.

ಉಳಿದದ್ದು ಹಿಂದಿನ ಸೀಟಿನ ಭಾರ. ಅದನ್ನು ಆದಷ್ಟು ಮೃದುವಾಗಿ ಸುಗಂಧಾಳಿಗೆ ತಿಳಿಸಿದೆ.

"ಆತ್ರಿ, ನಾ ಆಟೋದಾಗ ಹೋಗ್ತೀನಿ. ಮುಂದ ಕುಂತ ಹೊಟ್ಟಿಗಿ ಭಾರ ಇರಂಗಿಲ್ಲ ಕಾಣ್ತದ," ಎಂದಳು. ನಾರಾಯಣಪುರದ ಗುಡಿಗೆ ಆಟೋದಲ್ಲೇ ಹೋಗಿ ಬಂದಳು. ಮೈಲೇಜ್ ಇನ್ನೂ ಇಳಿಯಿತು.

ಇನ್ನು ಉಳಿದವರು ಮಾರಿದವರೊಬ್ಬರೇ. 'ದರ್ಜಿಯ ಸುಳ್ಳು' ಎಂಬ ಅಂಕಣ ಬರೆದೆ, ಅಜೀಮುದ್ದೀನರ ಹೆಸರನ್ನೂ ಅಂಗಡಿಯ ವಿಳಾಸವನ್ನೂ ಹಾಕಿದೆ. ಭಾನುವಾರ ಪತ್ರಿಕೆಗೆ ಕಳಿಸುವುದೆಂದು ನಿಶ್ಚಯವಾಯಿತು. ಆದರೆ ಹೆಸರು ಹಾಕುವ ಮುನ್ನ ಆ ಮನುಷ್ಯನ ಮುಖ ನೋಡಿ ಹೇಳುವುದು ನನ್ನ ನಿಯಮ. ಶನಿವಾರ ಹುಮನಾಬಾದಿಗೆ ಹೋಗಿ, ಮಾಣಿಕನಗರದ ದಾರಿಯಲ್ಲಿರುವ ಅವರ ಅಂಗಡಿಯಲ್ಲಿ ಗಿರಾಕಿಗಳ ಎದುರೇ ಅದನ್ನು ಓದಿದೆ.

ಚಾಚಾ ಕತ್ತರಿ ಕೆಳಗಿಟ್ಟರು.

"ದತ್ತಾತ್ರಿ ಸಾಹೇಬ್ರ, ಮಂದಿ ತಮ್ಮ ಅರಿವಿ-ಬಟ್ಟಿ ನನ್ನ ಕೈಯಾಗ ಬಿಟ್ಟು, ಅಳತಿ ಸುದ್ದಾ ಕೇಳದೆ ಹೋಗ್ತಾರ. ನೀವು ಮೋಸಗಾರ ಅಂತ ಛಾಪಿಸಿದ್ರ ನಾಳಿಂದ ಗುಂಡಿ ಹಚ್ಚಸಾಕನೂ ಒಬ್ರು ಬರಂಗಿಲ್ಲ. ಒಂದಿನ ತಡೀರಿ. ನಾನೇ ನಿಮ್ಮ ಜೋಡಿ ಬಂದು ನೋಡ್ತೀನಿ."

ಕೊರಳಿಗೆ ರುಮಾಲು ಸುತ್ತಿಕೊಂಡು ಹಿಂದಿನ ಸೀಟಿಗೆ ಹತ್ತಿದರು. ದಾರಿಯಲ್ಲಿ ತಾವೇ ನಿಂತು ಟ್ಯಾಂಕಿನ ಕುತ್ತಿಗೆಯವರೆಗೆ ಪೆಟ್ರೋಲ್ ತುಂಬಿಸಿದರು. ನಮ್ಮ ಮನೆ ಮುಟ್ಟಿದ ಮೇಲೆ ಮುಚ್ಚಳ ತೆಗೆದು ಇಣುಕಿ, "ಹಾದ್ಯಾಗ ಎಷ್ಟು ಕುಡೀಬೇಕೋ ಅಷ್ಟೇ ಕುಡದದ," ಎಂದರು. ಹಾಸಿಗೆಯನ್ನು ಹಿತ್ತಲಲ್ಲಿ, ಗಾಡಿಯ ಪಕ್ಕದ ಚಪ್ಪರದ ಕೆಳಗೇ ಹಾಕಿಸಿಕೊಂಡರು.

ಬೆಳಿಗ್ಗೆ ಅಂಕಣವನ್ನು ಜೇಬಿನಲ್ಲಿಟ್ಟುಕೊಂಡು ಹಿತ್ತಲಿಗೆ ಹೋದೆ. ಸುಗಂಧಾ ನೀರೊಲೆಯ ಮುಂದೆ ತಲೆ ತಗ್ಗಿಸಿ ಕೂತಿದ್ದಳು. ಚಾಚಾ ಕಲ್ಲಿನ ಮೇಲೆ ಕೂತು ಎಲ್ಲೋ ನೋಡುತ್ತಿದ್ದರು.

"ಏನ್ರಿ ಚಾಚಾ, ಪತ್ತಾ ಹತ್ತಿತೇನು?"

ಅವರು ಗಾಡಿಯ ಕಡೆ ನೋಡಿದರು, ಸುಗಂಧಾಳ ಕಡೆ ನೋಡಿದರು.

"ಕಸೂರ್ ನಂದೇ ಅದ್ರಿ. ಗಾಡಿ ಖರಾಬ್ ಅದ. ವಾಪಸ್ ತಗೊಂಡು ಹೋಗ್ತೀನಿ. ನಿಮಗ ಏನು ಬರೀಬೇಕೋ ಬರ್ಕೊಳ್ರಿ."

ಲೇಖನಿಗೆ ಜಯವಾಯಿತು. ನಾನು ಮೀಸೆ ತಿರುವಿದೆ. ಈ ಅಂಕಣದ ನೆತ್ತಿಯ ಮೇಲೆ ಪ್ರತಿವಾರ ಫೋಟೋದಲ್ಲಿ ನೀವು ನೋಡುವ ಮೀಸೆಯೇ ಅದು.

"ನೋಡಿದೇನು ಸುಗಂಧಾ, ಸತ್ಯ ಎಂದಿದ್ರೂ..."

"ಸಾಕು ಸುಮ್ಮನಿರ್ರಿ," ಎಂದಳು. "ಚಾಚಾ ಮುಂಜಾನಿ ನನ್ನ ನೋಡ್ಯಾರ. ನೋಡಿನೂ ಮುಚ್ಚಾಕತ್ಯಾರ. ನನ್ನ ಸಲುವಾಗಿ ಅವ್ರ ಹೆಸರು ಯಾಕ ಹಾಳಾಗಬೇಕು? ಬರ್ರಿ, ನಿಮ್ಮ ಮೈಲೇಜ್ ಎಲ್ಲಿ ಹೋಗ್ತದ ತೋರಸ್ತೀನಿ."

ಸೆರಗಿನ ಮರೆಯಿಂದ ಒಂದು ಬಾಟಲಿ ತೆಗೆದು ಒಲೆಯೊಳಗಿನ ಹಸಿ ಕಟ್ಟಿಗೆಯ ಮೇಲೆ ಸುರಿದಳು. ಸುರಿದದ್ದು ಏನೆಂದು ನೋಡಲು ನಾನು ಬಗ್ಗಿದ್ದಕ್ಕೂ ಅವಳು ಕಡ್ಡಿ ಗೀರಿದ್ದಕ್ಕೂ ಸರಿಹೋಯಿತು. ಒಲೆ ಭಗ್ ಎಂದಿತು. ಚಾಚಾ ಎದ್ದು ಬಂದು ರುಮಾಲನ್ನು ನನ್ನ ಮುಖಕ್ಕೆ ಒತ್ತಿ ಹಿಡಿದರು. ರುಮಾಲು ತೆಗೆದಾಗ ಮೀಸೆಯ ಎಡಭಾಗ ಅದರ ಜೊತೆಗೇ ಉದುರಿತು.

ಅಷ್ಟರಲ್ಲಿ ಗೋಡೆಯಾಚೆಯಿಂದ ಒಂದು ಪುಟ್ಟ ಖಾಲಿ ಬಾಟಲಿ ಮೇಲೆದ್ದಿತು. ಪಕ್ಕದ ಮನೆಯ ಹಜಿರಾ ಬೀ.

"ಸುಗಂಧಾ, ಒಲಿ ಹತ್ತಿದಂಗಾತು. ನಮಗೂ ಒಂದೀಟು ಹಾಕವಾ."

ಬಾಟಲಿಯ ಹಿಂದೆ ಅವಳ ಮುಖ ಬಂತು, ನನ್ನನ್ನು ಕಂಡಿತು, ಬಾಟಲಿಯ ಸಮೇತ ಕೆಳಗಿಳಿಯಿತು.

"ಪೆಟ್ರೋಲ್ ಹಾಕಿ ಒಲಿ ಹಚ್ತೀಯೇನು? ಸುಟ್ಟುಕೊಂಡು ಸಾಯ್ತೀ," ಎಂದು ಕೂಗಾಡಿದೆ.

"ಮತ್ತೇನು ಹಾಕ್ಲಿ? ರೇಷನ್‌ದಾಗ ಚಿಮಣಿ ಎಣ್ಣಿ ಕೊಡೂದು ನಿಂತು ಎಷ್ಟು ದಿನಾತು, ಗೊತ್ತದೇನು ನಿಮಗ? ಮಳ್ಯಾಗ ಕಟ್ಟಿಗಿ ಹತ್ತಂಗಿಲ್ಲ. ನಿಮಗ ನೋಡಿದ್ರ ಬರ್ಯಾಕ ಕೂಡೂ ಮೊದಲ ಹಂಡೆತುಂಬ ಸುಡುನೀರು ಬೇಕು. ಬಂಕಿನವಗ ಕೇಳಿದ್ರಿ, ಸೋಹೇಲಗ ಕೇಳಿದ್ರಿ, ಹುಮನಾಬಾದಿಗಿ ಹೋಗಿ ಚಾಚಾಗ ಕೇಳಿದ್ರಿ. ನೀರು ಹ್ಯಾಂಗ ಕಾಯ್ತದ ಅಂತ ನನಗೊಮ್ಮೆ ಕೇಳೀರೇನು?"

ಅವಳ ಮಣಿಕಟ್ಟಿನ ಮೇಲೆ ಸುಟ್ಟ ಕಲೆಯಿತ್ತು. ಮಳೆಗಾಲದ ಉದ್ದಕ್ಕೂ ನಾನದನ್ನು ನೋಡಿದ್ದೆ. ರೊಟ್ಟಿಯ ಹಂಚು ತಗುಲಿದ್ದೆಂದು ತಿಳಿದಿದ್ದೆ. ಊರ ಗಟಾರದ ವಾಸನೆಗೆ ಸಿಟ್ಟಿಗೇಳುವ ನನ್ನ ಮೂಗಿಗೆ ನನ್ನ ಸ್ನಾನದ ನೀರಿನ ವಾಸನೆ ಹತ್ತಿರಲಿಲ್ಲ.

ಜೇಬಿನ ಅಂಕಣ ತೆಗೆದು ಒಲೆಗೆ ಹಾಕಿದೆ. ಅದು ಪೆಟ್ರೋಲ್ ಇಲ್ಲದೆಯೇ ಚೆನ್ನಾಗಿ ಉರಿಯಿತು.

"ಚಾಚಾ, ತಪ್ಪಾತ್ರಿ," ಎಂದೆ.

ಅವರು ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, ಬಟ್ಟೆ ಅಳೆಯುವವರಂತೆ ಕಣ್ಣು ಕಿರಿದು ಮಾಡಿ ನೋಡಿದರು. ಅಂಗಿಯ ಜೇಬಿನಿಂದ ಸಣ್ಣ ಕತ್ತರಿ ಹೊರಬಂತು.

"ಅಲುಗಾಡಬ್ಯಾಡ್ರಿ. ಎರಡೂ ಕಡಿ ಬರೋಬ್ಬರಿ ಮಾಡಬೇಕು," ಎಂದು ಬಲಭಾಗವನ್ನೂ ಇಳಿಸಿಬಿಟ್ಟರು.

ಈಗ ಕಟ್ಟಿಗೆ ನನ್ನ ಬರೆಯುವ ಕೋಣೆಯಲ್ಲಿ, ಪುಸ್ತಕಗಳ ಪಕ್ಕದಲ್ಲಿ ಒಣಗುತ್ತದೆ. ಒಲೆ ಹಚ್ಚುವವನು ನಾನೇ. ಹಳೆಯ ಅಂಕಣಗಳನ್ನು ಸುರುಳಿ ಸುತ್ತಿ ಒಡ್ಡಿ, ಕೊಳವೆಯಿಂದ ಊದುತ್ತೇನೆ. ಹಜಿರಾ ಬೀಯ ಮನೆಗೂ ಕೆಂಡ ಇಲ್ಲಿಂದಲೇ ಹೋಗುತ್ತದೆ. ಗಾಡಿ ಐವತ್ತೈದು ಕೊಡುತ್ತಿದೆ. ನೀರು ಮಾತ್ರ ಬೇಗ ಕಾಯುವುದಿಲ್ಲ.

ನಿನ್ನೆ ಹೀಗೇ ಊದಿ ಊದಿ ಕಣ್ಣಲ್ಲಿ ನೀರು ಬರಿಸಿಕೊಂಡು ಕೂತಿದ್ದೆ. ಸುಗಂಧಾ ಹಂಡೆಯಲ್ಲಿ ಬೆರಳದ್ದಿ ನೋಡಿ, ಸೆರಗಿಗೆ ಒರೆಸಿಕೊಂಡಳು.

"ನಿಮ್ಮ ಮೈಲೇಜ್ ಭಾಳ ಕಡಿಮಿ ಅದ್ರಿ," ಎಂದಳು. "ನಮ್ಮಪ್ಪನ ಮುಂದ ಹುಡುಗ ಚಲೋ ಅದಾನ ಅಂತ ಹೇಳಿ ನಿಮ್ಮನ್ನ ದಾಟಿಸಿದವ್ರು ಯಾರು? ಅವ್ರ ಹೆಸರು ಹಾಕಿ ಬರೀರಿ ಒಂದು."