ಪಿಕಪ್ಪಿಗೊಂದು ಮೂತಿಹಾಸಿಗೆ

ಹಾಸಿಗೆ ಮಾಮನ ಮನೆಯಲ್ಲಿ ಎಲ್ಲವೂ ಮೆತ್ತಗಿತ್ತು, ಹೆಂಡತಿಯ ಮಾತೊಂದನ್ನು ಬಿಟ್ಟು. (ಇದು ಮಾಮನೇ ಹೇಳಿದ ಮಾತು. ಹೇಳಿದ್ದು ದಿಂಬಿನ ಹತ್ತಿರ, ಅದೂ ಹೆಂಡತಿ ಅಂಗಡಿಗೆ ಹೋಗಿದ್ದಾಗ.) ಬೀದಿಯ ಮಕ್ಕಳೆಲ್ಲ ಅವನನ್ನು ಹಾಸಿಗೆ ಮಾಮ ಎಂದೇ ಕರೆಯುತ್ತಿದ್ದವು. ಮನೆಯ ಮುಂದಿನ ಕೋಣೆಯೇ ಅವನ ಕಾರ್ಖಾನೆ. ಗೋಡೆ, ಫ್ಯಾನು, ರೇಡಿಯೊ, ಮಾಮನ ಹುಬ್ಬು, ಎಲ್ಲದರ ಮೇಲೂ ಹತ್ತಿ. ಹತ್ತಿ ತುಂಬಿ ಹೊಲಿದು ಮುಗಿಸಿದ ಪ್ರತಿಯೊಂದು ಹಾಸಿಗೆಯ ಮೇಲೂ ಅವನು ಖುದ್ದಾಗಿ ಮಲಗಿ ನೋಡಬೇಕು. ಅದಕ್ಕೆ ಅವನಿಟ್ಟ ಹೆಸರು ‘ಪರೀಕ್ಷೆ’. ಪರೀಕ್ಷೆ ಒಮ್ಮೊಮ್ಮೆ ಎರಡು ಗಂಟೆ ನಡೆಯುತ್ತಿತ್ತು, ಗೊರಕೆಯ ಸಮೇತ.

“ರೀ, ಎದ್ದೇಳ್ರೀ, ಗಿರಾಕಿ ಬಂದಿದ್ದಾರೆ!” ಎಂದು ಹೆಂಡತಿ ಕೂಗಿದರೆ, ಕಣ್ಣು ಬಿಡದೆಯೇ “ಶ್! ಪರೀಕ್ಷೆ ನಡೀತಾ ಇದೆ” ಎನ್ನುತ್ತಿದ್ದ.

ಇಂಥ ಮನುಷ್ಯನ ಕೈಗೆ ಒಂದು ಪಿಕಪ್ ಗಾಡಿ ಬಂತು. ಹಾಸಿಗೆಗಳನ್ನು ಗಿರಾಕಿಗಳ ಮನೆಗೆ ಮುಟ್ಟಿಸಲು ಕೊಂಡ ಹಳೆಯ ಗಾಡಿ. ಬಾಗಿಲು ಮುಚ್ಚಬೇಕಾದರೆ ಎರಡು ಸಲ ಬಡಿಯಬೇಕು, ಹಾರ್ನು ಎಡಕ್ಕೆ ತಿರುಗಿದಾಗ ಮಾತ್ರ ಕೂಗುತ್ತದೆ. ಆದರೆ ಅದರಲ್ಲಿ ಎ.ಸಿ. ಇತ್ತು! ಮೊದಲ ದಿನ ಗುಂಡಿ ಒತ್ತಿ, ತಣ್ಣನೆಯ ಗಾಳಿ ಮುಖಕ್ಕೆ ಬಡಿದಾಗ ಮಾಮನ ಕಣ್ಣು ತಾನಾಗಿ ಮುಚ್ಚಿಕೊಂಡಿತು. ಗಾಡಿ ನಿಂತಲ್ಲೇ ನಿಂತಿತ್ತು, ಮಾಮ ಮಾತ್ರ ಮೇಲೇರಿದ. ಸುತ್ತ ಹದವಾಗಿ ಬಿಡಿಸಿದ ಹತ್ತಿಯಂಥ ಮೋಡ. ಮೋಡದ ಮೇಲೆ ಪಿಕಪ್ಪು ಸದ್ದಿಲ್ಲದೆ ತೇಲುತ್ತಿದೆ. ಕೆಳಗೆಲ್ಲೋ ಸಮುದ್ರ. ಮೂಗಿನ ತುದಿಗೆ ಹಿಮದ ಒಂದು ಹನಿ ಬಂದು ಕೂತಿದೆ. ಬಹಳ ಕೆಳಗಿನಿಂದ ಯಾರೋ ‘ರೀ’ ಎಂದು ಕೂಗುತ್ತಿದ್ದಾರೆ, ಪಾಪ, ಯಾರ ಹೆಂಡತಿಯೋ ಏನೋ.

ಆದರೆ ಆ ಹೆಂಡತಿಗೂ ಅದೇ ಎ.ಸಿ.ಯ ಮೇಲೆ ಒಂದು ಕಣ್ಣಿತ್ತು, ಅದಕ್ಕೆ ಕಾರಣವೂ ಇತ್ತು. ಮೂರು ವರ್ಷದ ಹಿಂದೆ ಆಕೆ ಸಮುದ್ರದ ಊರಿನಲ್ಲಿರುವ ಅಕ್ಕನ ಮನೆಗೆ ಬಸ್ಸಿನಲ್ಲಿ ಹೋಗಿದ್ದಳು. ಆರು ಗಂಟೆಯ ದಾರಿ, ಉರಿ ಬಿಸಿಲು. ಗೇಟಿನ ಹತ್ತಿರ ಇಳಿಯುವ ಹೊತ್ತಿಗೆ ಮುಖದ ಪೌಡರು ಕರಗಿ ಕತ್ತಿನವರೆಗೆ ಹರಿದಿತ್ತು. ಅಕ್ಕ ತನ್ನ ತಣ್ಣನೆಯ ಕಾರಿನಿಂದ ಆಗಷ್ಟೇ ಇಳಿದು ನಿಂತಿದ್ದಳು. ನೆರೆಹೊರೆಯವರೆಲ್ಲ ನೋಡುತ್ತಿರುವಂತೆಯೇ ಅಕ್ಕ ಅಪ್ಪಿಕೊಳ್ಳುವ ಮೊದಲು ಒಂದು ಟವಲು ಚಾಚಿ, “ಅಯ್ಯೋ ಪಾಪ!” ಎಂದುಬಿಟ್ಟಳು. ಆ ‘ಪಾಪ’ ಅಂದು ಎದೆಯಲ್ಲಿ ಚುಚ್ಚಿಕೊಂಡದ್ದು ಇನ್ನೂ ಹೊರಬಂದಿರಲಿಲ್ಲ.

“ನೋಡಿ, ನಾನು ಅಕ್ಕನ ಮನೆಗೆ ಮತ್ತೆ ಕಾಲಿಡೋದು ಒಂದು ಹನಿ ಬೆವರಿಲ್ದೆ. ಪೌಡರ್ ಇಲ್ಲಿ ಹಾಕಿದ್ದು ಅಲ್ಲೀವರೆಗೂ ಹಾಗೇ ಇರ್ಬೇಕು. ಆಗ್ಲಿಲ್ಲ ಅಂದ್ರೆ ಹೋಗೋದೇ ಬೇಡ.”

“ಅಷ್ಟೇ ತಾನೇ? ನನ್ನ ಗಾಡೀಲಿ ಸ್ವೆಟರ್ ಹಾಕ್ಕೊಂಡು ಇಳೀತೀಯ ನೋಡ್ತಿರು” ಎಂದು ಮಾಮ ಎದೆ ಉಬ್ಬಿಸಿದ.

ಹೀಗೆಂದ ವಾರದೊಳಗೆ ಎ.ಸಿ. ಕೆಟ್ಟಿತು.

ಊರಿನ ಮೆಕ್ಯಾನಿಕ್‌ನನ್ನು ಎಲ್ಲರೂ ಡಾಕ್ಟ್ರು ಎನ್ನುತ್ತಿದ್ದರು. ಗಾಡಿ ಬಂದೊಡನೆ ಬಾನೆಟ್ಟಿಗೆ ಕಿವಿಯಿಟ್ಟು ಕೇಳುವುದು ಅವನ ಪದ್ಧತಿ. ಕೇಳಿದ, ತಲೆಯಾಡಿಸಿದ, ಸೋರುತ್ತಿದ್ದ ಪೈಪೊಂದನ್ನು ಬದಲಿಸಿ ಗ್ಯಾಸು ತುಂಬಿದ. ಹೊರಡುವಾಗ ಗಾಡಿಯ ಮುಂಭಾಗದ ಜಾಲರಿಯನ್ನು ಸ್ಕ್ರೂಡ್ರೈವರಿನಿಂದ ತಟ್ಟಿ, “ಎ.ಸಿ. ಪ್ರಾಣ ಇರೋದೇ ಇಲ್ಲಿ. ಬಿಸಿಲು, ಧೂಳು ಅಂದ್ರೆ ಆಗಲ್ಲ ಇದಕ್ಕೆ. ಸ್ವಲ್ಪ ಹುಷಾರು” ಎಂದ.

ಇಷ್ಟು ಹೇಳಿ ಡಾಕ್ಟ್ರು ಸುಮ್ಮನಾದ. ಮಾಮ ಸುಮ್ಮನಾಗಲಿಲ್ಲ. ಪ್ರಾಣ ಇಲ್ಲಿದೆ ಅಂದಮೇಲೆ ಪ್ರಾಣವನ್ನು ಕಾಯಬೇಡವೇ? ಬಿಸಿಲು ಬೀಳಬಾರದು, ಧೂಳು ಹೋಗಬಾರದು. ಯಾವ ಕಷ್ಟ ಬಂದರೂ ಹಾಸಿಗೆ ಹೊಲಿಯುವವನಿಗೆ ಹೊಳೆಯುವುದು ಒಂದೇ ಪರಿಹಾರ. ಅವನು ಜಾಲರಿಯ ಅಳತೆ ತೆಗೆದುಕೊಂಡು, ಒಳ್ಳೆಯ ಹತ್ತಿಯನ್ನೇ ಆರಿಸಿ, ಗಾಡಿಯ ಮೂತಿಗೆ ಒಂದು ಪುಟ್ಟ ಹಾಸಿಗೆ ಹೊಲಿದ. ನಾಲ್ಕು ಮೂಲೆಗೂ ಕಟ್ಟುವ ದಾರ. ಬಿಳಿ ಬಟ್ಟೆಯ ಅಂಚಿಗೆ ಹೆಂಡತಿಯೇ ಕೂತು ನೀಲಿ ಹೂವು ಹಾಕಿಕೊಟ್ಟಳು. ಮಾಮ ಅದಕ್ಕೆ ‘ಶೈತ್ಯಸಂರಕ್ಷಣಾ ಮಹಾಕವಚ’ ಎಂದು ನಾಮಕರಣ ಮಾಡಿದ. ಹೆಂಡತಿ ಮಾತ್ರ ಅದನ್ನು ಮೂತಿಹಾಸಿಗೆ ಎಂದಳು, ಬೀದಿಯಲ್ಲಿ ನಿಂತದ್ದೂ ಅದೇ ಹೆಸರು.

ಕವಚ ಕಟ್ಟಿಕೊಂಡು ಮಾಮ ಗಿರಾಕಿಯ ಮನೆಗೆ ಹೊರಟ. ಅರ್ಧ ದಾರಿಯಲ್ಲಿ ತಣ್ಣನೆಯ ಗಾಳಿ ಬೆಚ್ಚಗಾಯಿತು, ಬೆಚ್ಚಗಿದ್ದದ್ದು ಬಿಸಿಯಾಯಿತು. ಎಂಜಿನ್ನಿನ ಕಾವು ತೋರಿಸುವ ಮುಳ್ಳೂ ಮೇಲೇರಿ ನಿಂತಿತು. ಮೋಡದ ಮೇಲೆ ತೇಲುತ್ತಿದ್ದವನು ಧೊಪ್ಪನೆ ರಸ್ತೆಗೆ ಬಿದ್ದ.

ಮತ್ತೆ ಡಾಕ್ಟ್ರ ಬಳಿಗೆ. ಆದರೆ ಡಾಕ್ಟ್ರ ಕೈಯೆಂದರೆ ಗ್ರೀಸಿನ ಡಬ್ಬಿ. ಬಿಳಿಯ ಕವಚಕ್ಕೆ ಆ ಕೈ ತಾಗಿದರೆ ಗತಿಯೇನು? ಅದಕ್ಕಿಂತ ಹೆಚ್ಚಿನ ಭಯ ಇನ್ನೊಂದಿತ್ತು: ಇಷ್ಟು ಚೆನ್ನಾದ ಉಪಾಯವನ್ನು ಆ ಮನುಷ್ಯ ಕದ್ದು, ನಾಳೆ ಊರಿನ ಗಾಡಿಗಳಿಗೆಲ್ಲ ಹೊಲಿಸಿಬಿಟ್ಟರೆ? ಹಾಗಾಗಿ ಮಾಮ ಗ್ಯಾರೇಜಿಗಿಂತ ಮೊದಲು ಸಿಗುವ ನೀರಿನ ಟ್ಯಾಂಕಿನ ತಿರುವಿನಲ್ಲೇ ಗಾಡಿ ನಿಲ್ಲಿಸಿ, ಕವಚ ಬಿಚ್ಚಿ, ಮಡಿಸಿ, ಸೀಟಿನ ಹಿಂದೆ ಅಡಗಿಸಿಟ್ಟ. ಡಾಕ್ಟ್ರು ಬಾನೆಟ್ಟಿಗೆ ಕಿವಿಯಿಟ್ಟ. ಎ.ಸಿ. ಹಾಕಿ ನೋಡಿದ. ಗಾಳಿ ಮಂಜಿನಂತೆ ಬಂತು.

“ಗಾಡಿ ಗುಂಡುಕಲ್ಲಿನ ಹಾಗಿದೆಯಲ್ರೀ.”

“ಈಗ ಇದೆ. ದಾರೀಲಿ ಇರ್ಲಿಲ್ಲ.”

ಡಾಕ್ಟ್ರು ಬೆಲ್ಟು ಬದಲಿಸಿದ. ಮಾಮ ಟ್ಯಾಂಕಿನ ತಿರುವಿಗೆ ಬಂದು ಕವಚ ಕಟ್ಟಿದ. ಮನೆ ಮುಟ್ಟುವಷ್ಟರಲ್ಲಿ ಮತ್ತೆ ಬಿಸಿ. ಮೂರನೆಯ ಸಲ ಹೋದಾಗ ಡಾಕ್ಟ್ರು ಬಾನೆಟ್ಟನ್ನು ಬಿಟ್ಟು ಮಾಮನ ಹಣೆ ಮುಟ್ಟಿ ನೋಡಿದ. “ಗಾಡಿಗೆ ಏನೂ ಆಗಿಲ್ಲ ಮಾಮ. ನೀವೊಂದು ಸಲ ತೋರಿಸ್ಕೊಳ್ಳಿ” ಎಂದ. ಎದುರು ಮನೆಯವರು ಗಾಡಿಗೆ ದೃಷ್ಟಿ ಹಾಕಿದ್ದಾರೆಂದು ಮಾಮ ಕೊನೆಗೆ ತೀರ್ಮಾನಿಸಿ, ಕವಚಕ್ಕೆ ಇನ್ನೂ ಒಂದು ಹಿಡಿ ಹತ್ತಿ ತುಂಬಿದ.

ಅಷ್ಟರಲ್ಲಿ ಅಕ್ಕನ ಫೋನು ಬಂತು. “ಬಾರೇ, ನಾಲ್ಕು ದಿನ ಇದ್ದು ಹೋಗುವೆಯಂತೆ. ಭಾವ ಹೊಸ ಕಾರು ತಗೊಂಡಿದ್ದಾರೆ, ಅದರಲ್ಲಿ ಸಮುದ್ರಕ್ಕೆ ಹೋಗೋಣ. ಒಳಗೆ ಎಷ್ಟು ತಣ್ಣಗಿರುತ್ತೆ ಅಂತೀಯ!” ಫೋನಿಟ್ಟ ಹೆಂಡತಿ ಗಂಡನನ್ನು ನೋಡಿದಳು. ಮಾಮನಿಗೆ ಮಾತು ಕೊಡದೆ ಬೇರೆ ದಾರಿಯೇ ಇರಲಿಲ್ಲ. ಹುರುಪಿನಲ್ಲಿ ಷಡ್ಡಕನ ಕಾರಿಗೂ ಕೆಂಪು ಸ್ಯಾಟಿನ್ ಬಟ್ಟೆಯಲ್ಲಿ ಒಂದು ಕವಚ ಹೊಲಿದು, ಬಣ್ಣದ ಕಾಗದ ಸುತ್ತಿ ಉಡುಗೊರೆ ಮಾಡಿಟ್ಟ.

ಹೊರಟ ಬೆಳಿಗ್ಗೆ ಹವೆ ಹಿತವಾಗಿತ್ತು. ಹೆಂಡತಿ ಹೊಸ ಬಟ್ಟೆ ತೊಟ್ಟು, ಪೌಡರು ಹಚ್ಚಿ, ತೊಡೆಯ ಮೇಲೆ ಕೈಯಿಟ್ಟು, ಫೋಟೋಗೆ ಕೂತವಳ ಹಾಗೆ ಅಲ್ಲಾಡದೆ ಕೂತಿದ್ದಳು. ತಣ್ಣನೆಯ ಗಾಳಿಗೆ ಮಾಮನ ರೆಪ್ಪೆ ಭಾರವಾಗತೊಡಗಿತು. ರಸ್ತೆ ಬಿಳಿಯಾಯಿತು, ಹೊಲಗಳೆಲ್ಲ ಹಿಮವಾದವು...

“ರೀ! ಕಣ್ಣು ಬಿಟ್ಟು ಓಡಿಸ್ರೀ!”

“ಬಿಟ್ಟೇ ಇದೀನಿ ಕಣೇ. ಒಳಗಡೆ ನೋಡ್ತಾ ಇದ್ದೆ.”

“ಒಳಗಡೆ ಏನೂ ಇಲ್ಲ ಅಂತ ನನಗೆ ಮದುವೆಯಾದ ವರ್ಷವೇ ಗೊತ್ತಾಯ್ತು. ಹೊರಗಡೆ ನೋಡಿ.”

ಬಿಸಿಲು ಏರಿತು, ಮುಳ್ಳೂ ಏರಿತು. ಮುಂದಿನಿಂದ ಬರುತ್ತಿದ್ದ ಗಾಳಿ ಮೊದಲು ಸಪ್ಪೆಯಾಯಿತು, ಆಮೇಲೆ ಒಲೆಯ ಮುಂದೆ ಕೂತಂತಾಯಿತು. ಹೆಂಡತಿ ಕರವಸ್ತ್ರ ತೆಗೆದು ಹಣೆಯನ್ನು ಒತ್ತಿಕೊಂಡಳು, ಆಮೇಲೆ ಕೆನ್ನೆಯನ್ನು, ಆಮೇಲೆ ಕತ್ತನ್ನು. ಕರವಸ್ತ್ರಕ್ಕೆ ಪೌಡರೆಲ್ಲ ಅಂಟಿತ್ತು.

“ಬಂತು ನೋಡಿ ನಿಮ್ಮ ಸ್ವೆಟರು! ತಿರುಗಿಸಿ ಗಾಡಿ, ಮನೆಗೆ ಹೋಗೋಣ.”

“ಅರ್ಧ ದಾರಿ ಬಂದಿದ್ದೀವಲ್ಲೇ...”

“ಇನ್ನರ್ಧ ದಾರಿ ಹೋಗಿ ನಾನು ಅಕ್ಕನ ಹತ್ರ ಟವಲ್ ಇಸ್ಕೋಬೇಕಾ? ನನ್ನಿಂದಾಗಲ್ಲ” ಎಂದವಳ ದನಿ ಒಡೆಯಿತು. ಬೆವರಿನ ಜೊತೆಗೆ ಕಣ್ಣೀರೂ ಇಳಿಯಿತು. ಬೈದಿದ್ದರೆ ಮಾಮ ತಡೆದುಕೊಳ್ಳುತ್ತಿದ್ದ. ಅತ್ತದ್ದನ್ನು ತಡೆದುಕೊಳ್ಳಲಾಗಲಿಲ್ಲ. ಒಂದು ದೊಡ್ಡ ಮರದ ನೆರಳಿಗೆ ಗಾಡಿ ಇಳಿಸಿ ನಿಲ್ಲಿಸಿದ.

ಮರದ ಕೆಳಗೆಲ್ಲ ಜಲ್ಲಿ, ಮುಳ್ಳು. ಕೂರಲು ಏನಾದರೂ ಬೇಕಲ್ಲ. ಹೆಂಡತಿ ಸುತ್ತ ನೋಡಿದಳು, ಸರಸರನೆ ಹೋಗಿ ಗಾಡಿಯ ಮೂತಿಯಿಂದ ಹಾಸಿಗೆ ಬಿಚ್ಚಿ ತಂದು ನೆಲಕ್ಕೆ ಹಾಸಿದಳು. “ಅಯ್ಯೋ, ಅದು ಕವಚ ಕಣೇ!” ಎಂದು ಮಾಮ ಓಡಿ ಬರುವಷ್ಟರಲ್ಲಿ ಅದರ ಮೇಲೆ ಕೂತೂ ಆಗಿತ್ತು. ಅವನೂ ಪಕ್ಕದಲ್ಲಿ ಕೂತ. ಕೂತವನು ಒರಗಿದ. ಹಾಸಿಗೆ ಹಾಸಿಗೆಯೇ ತಾನೇ! ಎರಡು ನಿಮಿಷದಲ್ಲಿ ಪರೀಕ್ಷೆ ಶುರುವಾಯಿತು. ಎಲೆಗಳ ನಡುವೆ ಆಕಾಶ ಮೆಲ್ಲಗೆ ತೂಗುತ್ತಿತ್ತು, ಒಂದು ಬಿಳಿಯ ಮೋಡ ಅವನಿಗಾಗಿಯೇ ಕಾದು ನಿಂತ ಹಾಗೆ ಕೊಂಬೆಗೆ ತಾಗಿಕೊಂಡಿತ್ತು.

ಅರ್ಧ ಗಂಟೆಯಾದ ಮೇಲೆ ಹೆಂಡತಿ ಅಲುಗಾಡಿಸಿ ಎಬ್ಬಿಸಿದಳು. ಬಾಟಲಿಯ ನೀರಿನಲ್ಲಿ ಮುಖ ತೊಳೆದು, “ನಡೀರಿ, ಮನೆಗೆ” ಎನ್ನುತ್ತಾ ಹಾಸಿಗೆಯನ್ನು ಸುತ್ತಿ ಒಳಗೆ ಎಸೆದಳು. ಮಾಮ ತಪ್ಪಿತಸ್ಥನಂತೆ ಕೀಲಿ ತಿರುಗಿಸಿ, ಅಭ್ಯಾಸಬಲದಿಂದ ಎ.ಸಿ. ಒತ್ತಿ, ಗಾಡಿಯನ್ನು ರಸ್ತೆಗೆ ಹತ್ತಿಸಿದ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮುಳ್ಳು ಕೆಳಗಿಳಿಯಿತು. ತಣ್ಣನೆಯ ಗಾಳಿ ಭರ್ರನೆ ಬಂತು!

“ನೋಡಿದ್ಯಾ? ಪಾಪ, ಅದಕ್ಕೂ ಒಂದು ನಿದ್ದೆ ಬೇಕಾಗಿತ್ತು. ಈಗ ಹೇಳು, ಮನೆಗೋ ಅಕ್ಕನ ಮನೆಗೋ?”

“ಅಕ್ಕನ ಮನೆಗೆ” ಎಂದಳು, ಆದರೆ ಬೆರಳು ದೇವರ ಮುಂದೆ ಹರಕೆ ಹೊತ್ತವಳಂತೆ ಹೆಣೆದುಕೊಂಡಿದ್ದವು. ಹತ್ತು ಮೈಲಿ ಹೋಯಿತು, ಇಪ್ಪತ್ತು ಹೋಯಿತು. ಗಾಳಿ ಕೆಡಲಿಲ್ಲ. ಆಕೆಗೆ ಚಳಿಯೇ ಆಯಿತು.

“ಒಂದ್ನಿಮಿಷ ನಿಲ್ಲಿಸ್ತೀನಿ ಇರು, ಕವಚ ಕಟ್ಟೋದು ಮರೆತೇಹೋಗಿದೆ.”

“ಬೇಡ. ಕಾಲು ಕೊರೀತಿದೆ, ನನಗೇ ಬೇಕು” ಎಂದು ಆಕೆ ಮೂತಿಹಾಸಿಗೆಯನ್ನು ಎಳೆದು ಮೊಣಕಾಲ ಮೇಲೆ ಹೊದ್ದುಕೊಂಡಳು. ಹೊದ್ದುಕೊಂಡವಳು ಅದನ್ನೇ ನೋಡಿದಳು. ಆಮೇಲೆ ಗಾಳಿ ಬರುವ ಕಿಂಡಿಯನ್ನು ನೋಡಿದಳು. ಆಮೇಲೆ ಗಂಡನನ್ನು ಬಹಳ ಹೊತ್ತು ನೋಡಿದಳು. ಬಾಯಿ ತೆರೆದವಳು ಮುಚ್ಚಿಕೊಂಡು, ಕಿಟಕಿಯ ಕಡೆ ತಿರುಗಿ ನಕ್ಕಳು. ಮದುವೆಯಾದ ಮೇಲೆ ಆಕೆ ಇಷ್ಟು ದೂರ ಮಾತಿಲ್ಲದೆ ಬಂದದ್ದು ಇದೇ ಮೊದಲು. ತನ್ನನ್ನು ಮೆಚ್ಚಿಕೊಂಡು ಮೂಕಳಾಗಿದ್ದಾಳೆ ಎಂದುಕೊಂಡ ಮಾಮ.

ಅಕ್ಕ ಗೇಟಿನ ಹತ್ತಿರ ಟವಲು ಹಿಡಿದೇ ನಿಂತಿದ್ದಳು. ತಂಗಿ ಇಳಿದಳು. ದಾರಿಯಲ್ಲಿ ಹೊಸದಾಗಿ ಹಚ್ಚಿದ ಪೌಡರಿನಲ್ಲಿ ಒಂದು ಗೆರೆಯೂ ಬಿದ್ದಿರಲಿಲ್ಲ. “ಏನಕ್ಕಾ, ಟವಲ್ ಯಾರಿಗೆ? ನಿನಗಾ?” ಎಂದು ಕೇಳಿ, ಭುಜ ಕುಗ್ಗಿಸಿ ಸಣ್ಣಗೆ ನಡುಗಿಯೂ ತೋರಿಸಿದಳು. (ಅದು ಸ್ವಲ್ಪ ಹೆಚ್ಚಾಯಿತು, ಆದರೆ ಮೂರು ವರ್ಷ ಕಾದವಳಿಗೆ ಅಷ್ಟು ಸಲ್ಲಬೇಕು.)

ಮಾಮ ಉಡುಗೊರೆ ಕೊಟ್ಟು, ಮಹಾಕವಚದ ಮಹಿಮೆಯನ್ನು ಅರ್ಧ ಗಂಟೆ ವರ್ಣಿಸಿದ. ಷಡ್ಡಕ ಸ್ಯಾಟಿನ್ ಬಟ್ಟೆಯನ್ನು ಸವರಿ ನೋಡಿ, ನಾದಿನಿಯನ್ನು ಕೇಳಿದ: “ನಿಜವಾಗ್ಲೂ ಕೆಲಸ ಮಾಡುತ್ತೇನಮ್ಮ ಇದು?”

“ಇದನ್ನ ಕಟ್ಟಿದ ಮೇಲೆ ನಮ್ಮ ಎ.ಸಿ. ಹೇಗಾಯ್ತು ಅಂತ ಬಾಯಲ್ಲಿ ಹೇಳೋಕಾಗಲ್ಲ ಭಾವ. ಕಟ್ಟಿ ನೀವೇ ನೋಡಿ.”

ಮರುದಿನ ನಾಲ್ವರೂ ಕೆಂಪು ಕವಚ ತೊಟ್ಟ ಹೊಸ ಕಾರಿನಲ್ಲಿ ಸಮುದ್ರಕ್ಕೆ ಹೊರಟರು. ಊರಿನ ಕೊನೆ ಬರುವಷ್ಟರಲ್ಲಿ ಕಾರು ಒಳಗೆ ಕುದಿಯತೊಡಗಿತು. ಷಡ್ಡಕ ಎಲ್ಲ ಗುಂಡಿಗಳನ್ನೂ ಒತ್ತಿದ. ಅಕ್ಕನ ಪೌಡರು ಮೊದಲು ಗಲ್ಲಕ್ಕೆ, ಅಲ್ಲಿಂದ ಕತ್ತಿಗೆ ಇಳಿಯಿತು. ತಂಗಿ ಚೀಲದಿಂದ ನಿಧಾನವಾಗಿ ಒಂದು ಟವಲು ತೆಗೆದಳು. ನಿನ್ನೆ ಗೇಟಿನ ಹತ್ತಿರ ಅಕ್ಕ ಹಿಡಿದು ನಿಂತಿದ್ದ ಅದೇ ಟವಲು.

“ಅಯ್ಯೋ ಪಾಪ!” ಎಂದಳು.

ಕಾರನ್ನು ಮನೆಗೆ ತಿರುಗಿಸಿ, ಪಿಕಪ್ಪಿನಲ್ಲಿ ಹೋಗುವುದೆಂದಾಯಿತು. ಆದರೆ ಮುಂದೆ ಇಬ್ಬರಿಗೇ ಜಾಗ.

“ಅಕ್ಕ ಓಡಿಸ್ತಾಳೆ, ನಾನು ಪಕ್ಕದಲ್ಲಿ ಕೂರ್ತೀನಿ. ನೀವಿಬ್ರೂ ಹಿಂದೆ ಹತ್ತಿ” ಎಂದಳು ಹೆಂಡತಿ.

“ಗಾಡಿ ನಂದು ಕಣೇ!”

“ಅದಕ್ಕೇ ಹೇಳ್ತಿರೋದು, ಹಿಂದೆ ಹತ್ತಿ. ತಗೊಳ್ಳಿ, ಕೂರೋಕೆ ಎರಡು ಹಾಸಿಗೆ.”

ಷಡ್ಡಕ ಕೆಂಪು ಹಾಸಿಗೆಯ ಮೇಲೂ, ಮಾಮ ಬಿಳಿಯದರ ಮೇಲೂ ಕೂತರು. ಸೂರ್ಯ ನೆತ್ತಿಯ ಮೇಲೆ ಕೂತ. ಗಾಡಿ ಓಡಿತು. ದೂರದಲ್ಲಿ ಸಮುದ್ರ ಬೆಳ್ಳಗೆ ಹೊಳೆಯಿತು. ಮಾಮನ ಬೆನ್ನಿನಿಂದ ಬೆವರು ಧಾರೆಯಾಗಿ ಇಳಿಯುತ್ತಿದ್ದರೂ ಮನಸ್ಸು ಗೆದ್ದ ಖುಷಿಯಲ್ಲಿತ್ತು. ಅವನು ಹಿಂಬದಿಯ ಗಾಜು ತಟ್ಟಿದ. ಹೆಂಡತಿ ಅದನ್ನು ಒಂದು ಗೇಣು ಸರಿಸಿದಾಗ ತಂಗಾಳಿಯ ಒಂದು ಎಳೆ ಹೊರಬಂದು ಅವನ ಮೂಗಿಗೆ ತಾಗಿತು.

“ಎ.ಸಿ. ಹೇಗಿದೆ?”

“ಹಿಮ ಬೀಳ್ತಿದೆ.”

“ನೋಡಿದ್ಯಾ? ಎರಡು ಸಲ ರಿಪೇರಿ ಮಾಡಿಸಿದ್ದು ಸಾರ್ಥಕ ಆಯ್ತು!”

“ರಿಪೇರಿಯಿಂದ ಅಲ್ಲ ರೀ. ಅದು ಉಸಿರಾಡೋ ಮೂಗನ್ನ ನೀವು ಮುಚ್ಚಿದ್ರಿ. ನಾನು ಬಿಚ್ಚಿದೆ. ಈಗ ಅದರ ಮೇಲೇ ಕೂತಿದ್ದೀರಿ, ನೋಡ್ಕೊಳ್ಳಿ.”

ಮಾಮ ಕೆಳಗೆ ನೋಡಿದ. ನೀಲಿ ಹೂವುಗಳು ಅವನನ್ನೇ ನೋಡುತ್ತಿದ್ದವು. ಟ್ಯಾಂಕಿನ ತಿರುವು, ಡಾಕ್ಟ್ರ ಕಿವಿ, ಹೊಸ ಬೆಲ್ಟು, ಎದುರು ಮನೆಯವರ ದೃಷ್ಟಿ, ಎಲ್ಲವೂ ಒಂದೊಂದಾಗಿ ಅವನ ಕಣ್ಣ ಮುಂದೆ ಹಾದುಹೋದವು.

“ಯಾವಾಗ ಗೊತ್ತಾಯ್ತು ನಿನಗೆ?”

“ನಿನ್ನೆ, ದಾರೀಲಿ.”

“ಮತ್ತೆ ಭಾವನ ಕಾರಿಗೆ ಯಾಕೆ ಕಟ್ಟೋಕೆ ಬಿಟ್ಟೆ?”

ಉತ್ತರದ ಬದಲು ಗಾಜು ಮುಚ್ಚಿಕೊಂಡಿತು. ಒಳಗೆ ಅಕ್ಕತಂಗಿಯರು ಏನೋ ಹೇಳಿಕೊಂಡು ನಕ್ಕರು. ತಂಗಿ ಟವಲನ್ನು ಶಾಲಿನ ಹಾಗೆ ಹೊದ್ದುಕೊಂಡಿದ್ದಳು.

ಪಕ್ಕದಲ್ಲಿ ಮಾತೆಲ್ಲ ಕೇಳಿಸಿಕೊಂಡಿದ್ದ ಷಡ್ಡಕ ತಾನು ಕೂತಿದ್ದ ಕೆಂಪು ಸ್ಯಾಟಿನ್ನನ್ನು ನೋಡಿದ. ಹಣೆಯ ಬೆವರನ್ನು ಬೆರಳಿನಿಂದ ಬಳಿದು ಹಾಕಿದ. ಆಮೇಲೆ ಬಹಳ ನಿಧಾನವಾಗಿ ಮಾಮನ ಕಡೆ ತಿರುಗಿದ.

“ಷಡ್ಡಕರೇ...”

ಮಾಮ ತಟ್ಟನೆ ಬಿಳಿಯ ಹಾಸಿಗೆಯ ಮೇಲೆ ಉದ್ದಕ್ಕೆ ಮಲಗಿ ಕಣ್ಣು ಮುಚ್ಚಿದ.

“ಶ್! ಪರೀಕ್ಷೆ ನಡೀತಾ ಇದೆ.”