ಬೀಗರ ಡಬ್ಬಿಯೂ ನನ್ನ ಕಂಪ್ಯೂಟರೂ

ಕಂಪ್ಯೂಟರನ್ನು ಮೀರಿಸುವ ಯಂತ್ರ ಇನ್ನೂ ಹುಟ್ಟಿಲ್ಲ. ಈ ಮಾತನ್ನು ನಾನು ಗಜೇಂದ್ರಗಡದ ಬೀಗರ ಮನೆಯಲ್ಲಿ, ಊಟದ ಸಾಲಿನಲ್ಲಿ ಕುಳಿತು, ಬಾಯಲ್ಲಿ ಹೋಳಿಗೆ ಇರುವಾಗಲೇ ಹೇಳಿದೆ. ಹೋಳಿಗೆ ನುಂಗಿದ ಮೇಲೆ ಇನ್ನೊಮ್ಮೆ ಸ್ಪಷ್ಟವಾಗಿ ಹೇಳಿದೆ. ಮುಂದೆ ಆಗಬಾರದ್ದೆಲ್ಲ ಆಗಿಹೋಯಿತು. ಆದರೂ ಹೇಳುತ್ತಿದ್ದೇನೆ. ಹೆದರುವ ಜಾತಿಯವನಲ್ಲ ನಾನು!

ರೋಣದ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಟೈಪಿಂಗ್ ಅಂಗಡಿ ಇದೆ. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ನಾನು ಅಲ್ಲಿ ಒಂದು ಆಟ ಆಡುತ್ತೇನೆ. ನೀವೂ ನೋಡಿರುತ್ತೀರಿ. ಅದರಲ್ಲಿ ಎಲ್ಲವೂ ಚೌಕ. ನೆಲ ಚೌಕ, ಗಿಡ ಚೌಕ, ಸೂರ್ಯ ಚೌಕ, ಮೇಯುವ ದನವೂ ಚೌಕ. ಗೆಲ್ಲುವ ಆಟವಲ್ಲ ಅದು. ನೆಲ ಅಗಿಯಬೇಕು, ಕಲ್ಲು ಒಡೆಯಬೇಕು, ಮನಸ್ಸಿಗೆ ಬಂದದ್ದನ್ನು ಕಟ್ಟಬೇಕು. ಯಾರ ಪರವಾನಗಿಯೂ ಬೇಡ. ನಾನು ಅದರಲ್ಲಿ ರೋಣದ ಮಾರುಕಟ್ಟೆಯನ್ನೇ ಕಟ್ಟಿದ್ದೇನೆ. ಹತ್ತಿ ಸಿಗದ ಕಾರಣ ಕುರಿ ಉಣ್ಣೆಯಿಂದಲೇ ಹತ್ತಿ ಅಂಡಿಗೆ, ಅಂದರೆ ದೊಡ್ಡ ದೊಡ್ಡ ಮೂಟೆ, ಮಾಡಿ ಒಟ್ಟಿದ್ದೇನೆ. ನನ್ನ ಹೆಂಡತಿ ಶಾರದಾಳಿಗೆ ಒಮ್ಮೆ ಹೆಮ್ಮೆಯಿಂದ ತೋರಿಸಿದೆ.

“ಚಲೋ ಐತಿ. ಬಾಜಾರದಾಗ ಒಬ್ಬರೂ ಮಂದಿ ಇಲ್ಲಲ್ರೀ?” ಎಂದಳು.

ಕಲೆಯನ್ನು ಎಲ್ಲರೂ ಅರಿಯುವುದಿಲ್ಲ.

ನನ್ನ ಮಗಳು ಸುಮಾಳನ್ನು ಕೊಟ್ಟಿದ್ದು ಗಜೇಂದ್ರಗಡಕ್ಕೆ. ಬೀಗರು ಅಂದಾನಪ್ಪ, ಸೀರೆ ವ್ಯಾಪಾರಿಗಳು. ಅಳಿಯ ಮಹೇಶ ಟಿವಿಗೆ ಜೋಡಿಸಿ ಆಡುವ ಕನ್ಸೋಲ್ ಎಂಬ ಡಬ್ಬಿಯೊಂದನ್ನು ತನಗಾಗಿ ತಂದಿದ್ದ. ಕೆಲವೇ ದಿನಗಳಲ್ಲಿ ಅದು ಅಪ್ಪನ ಕೈಸೇರಿತು. ಈಗ ಮಗ ಅಂಗಡಿಯಲ್ಲಿ ಸೀರೆ ಬಿಚ್ಚುತ್ತಾನೆ, ಅಪ್ಪ ಮನೆಯಲ್ಲಿ ಕಲ್ಲು ಒಡೆಯುತ್ತಾರೆ. ಆಟ ಅದೇ, ನನ್ನ ಚೌಕದ ಆಟ!

ಆ ದಿನ ಊಟದ ಸಾಲಿನಲ್ಲಿ ಬೀಗರು ಎಲ್ಲರಿಗೂ ಕೇಳುವಂತೆ ಹೇಳಿದರು: “ಬೀಗರ, ನಿಮ್ಮ ಕಂಪ್ಯೂಟರಿನ ಕಾಲ ಮುಗೀತ್ರಿ. ಇನ್ನ ಮ್ಯಾಲ ಎಲ್ಲಾರೂ ಹಿಂಗ ಟಿವಿ ಮುಂದ ಲೋಡಿಗೆ ಒರಗಿ ಕುಂತ ಆಡವ್ರ.”

“ಅದು ಆಗೂ ಮಾತಲ್ರಿ,” ಎಂದೆ. “ಕಂಪ್ಯೂಟರನ್ಯಾಗ ಆಡೂದಂದ್ರ ಕುದುರಿ ಹತ್ತಿದಂಗ. ನಿಮ್ಮ ಡಬ್ಬಿ ಅಂದ್ರ ಬಾಡಿಗಿ ಸೈಕಲ್!”

ಹೆಣ್ಣು ಕೊಟ್ಟವನು ಗಂಡಿನ ಅಪ್ಪನಿಗೆ ಹೀಗೆ ಮಾತಾಡುವ ಪದ್ಧತಿ ನಮ್ಮಲ್ಲಿಲ್ಲ. ಬಡಿಸುತ್ತಿದ್ದ ಶಾರದಾ ನನ್ನ ಎಲೆಗೆ ಬೇಡದಿದ್ದರೂ ಮತ್ತೊಂದು ಹೋಳಿಗೆ ಹಾಕಿದಳು. ಬಾಯಿ ತುಂಬಿರಲಿ ಎಂಬ ಆಸೆ. ಆದರೆ ಬೀಗರ ಮುಖ ಕೆಂಪಾಗಿತ್ತು.

“ಹಂಗಾರ ಸುಮಾನ ಕುಬಸದ ದಿನ ಆಗಿಹೋಗ್ಲಿ,” ಎಂದರು. “ಹುಟ್ಟೂ ಕೂಸಿಗೆ ಇಬ್ಬರೂ ಆಟದಾಗ ತೊಟ್ಲ ಕಟ್ಟೂಣು. ಯಾರ ತೊಟ್ಲ ಚಲೋ, ಕೂಸಿನ ಹೆಸರ ಅವರ ಇಡೂದು.”

“ಆಗ್ಲಿ!” ಎಂದೆ. ನನಗೆ ನಮ್ಮಪ್ಪನ ಹೆಸರಿಡುವ ಆಸೆ, ಅವರಿಗೆ ಅವರಪ್ಪನ ಹೆಸರಿಡುವ ಆಸೆ. ಹೆಣ್ಣು ಹುಟ್ಟಿದರೆ ಏನು ಎಂಬ ಯೋಚನೆ ಇಬ್ಬರಿಗೂ ಬರಲಿಲ್ಲ. ಹೆರುವವಳನ್ನು ಒಂದು ಮಾತು ಕೇಳಬೇಕೆಂಬ ಯೋಚನೆಯೂ ಬರಲಿಲ್ಲ. ಅವಳು ಆಗ ಒಳಗೆ ಮಲಗಿದ್ದಳು.

ತೀರ್ಪು ಹೇಳಲು ನರಗುಂದದ ರಾಜೇಸಾಬರನ್ನು ಒಪ್ಪಿಸಿದೆವು. ಅವರು ಬೀಗರ ಹಳೆಯ ಗೆಳೆಯರು, ಹತ್ತಿ ವ್ಯಾಪಾರಸ್ಥರು, ಪಕ್ಕದಲ್ಲೇ ಊಟಕ್ಕೆ ಕುಳಿತಿದ್ದರು.

“ನಂಗ ಈ ಆಟದ ಗಂಧಾನೂ ಗೊತ್ತಿಲ್ರೀ,” ಎಂದರು.

“ಅದಕ್ಕ ನೀವ ಬೇಕು!” ಎಂದು ಬೀಗರೂ ನಾನೂ ಒಟ್ಟಿಗೆ ಹೇಳಿದೆವು. ಅಂದು ನಾವು ಒಪ್ಪಿದ ಮಾತು ಅದೊಂದೇ.

ಕುಬಸದ ದಿನ ಬಂತು. ಬಸುರಿ ಮಗಳಿಗೆ ತವರಿನವರು ಹಸಿರು ಸೀರೆ, ಹಸಿರು ಬಳೆ, ಉಂಡಿ ಒಯ್ಯುವ ದಿನ. ನಾನು ಅವುಗಳ ಜೊತೆ ಇಡೀ ಕಂಪ್ಯೂಟರನ್ನು ಒಯ್ಯಲು ಸಿದ್ಧನಾದೆ.

“ಅಲ್ರೀ, ನಾವು ಕುಬಸಕ್ಕ ಹೊಂಟೀವೋ, ಗಜೇಂದ್ರಗಡದಾಗ ಅಂಗಡಿ ತೆಗ್ಯಾಕ ಹೊಂಟೀವೋ?” ಶಾರದಾ ಕೇಳಿದಳು.

“ಮನೆತನದ ಮರ್ಯಾದಿ ಪ್ರಶ್ನೆ ಐತಿ, ಸುಮ್ಮನಿರು,” ಎಂದೆ.

ಬಸ್ಸಿನಲ್ಲಿ ಕಂಪ್ಯೂಟರಿನ ಪರದೆಗೆ ಪೆಟ್ಟಾದರೆ? ಮೆತ್ತನೆಯ ಬಟ್ಟೆ ಏನಾದರೂ ಸುತ್ತಬೇಕು. ಮಂಚದ ಮೇಲೆ ಹಸಿರು ಬಟ್ಟೆಯೊಂದು ಕಂಡಿತು. ಮೆತ್ತಗಿತ್ತು, ಉದ್ದವೂ ಇತ್ತು. ಸುತ್ತಿದೆ. ಅದು ಸುಮಾಳ ಕುಬಸದ ಸೀರೆ ಎಂದು ಶಾರದಾಳಿಗೆ ಗೊತ್ತಾದದ್ದು ಬಸ್ಸು ಹೊರಟ ಮೇಲೆ!

ಅವಳು ಬಾಯಿ ತೆರೆಯುವಷ್ಟರಲ್ಲಿ ಕಂಡಕ್ಟರ್ ಬಂದ. ಸೀಟಿನ ಮೇಲೆ ನನ್ನ ಪಕ್ಕ ಕುಳಿತಿದ್ದ ಹಸಿರು ಗಂಟನ್ನು ಮೇಲಿಂದ ಕೆಳಗೆ ನೋಡಿದ.

“ಇದು ಯಾರ್ರೀ?”

“ಕಂಪ್ಯೂಟರ್,” ಎಂದೆ.

“ಸೀರಿ ಉಟ್ಟೈತಲ್ರೀ! ಹಂಗಾರ ಟಿಕೆಟ್ ಫ್ರೀ. ಆಧಾರ್ ಕಾರ್ಡ್ ಐತೇನು ನೋಡ್ರಿ.”

ಇಡೀ ಬಸ್ಸು ನಕ್ಕಿತು. ಶಾರದಾ ಕಿಟಕಿಯಾಚೆ ಮುಖ ಮಾಡಿದವಳು ಗಜೇಂದ್ರಗಡದ ಗುಡ್ಡದ ಮೇಲಿನ ಗಾಳಿಯಂತ್ರದ ಪಂಖಗಳು ಕಾಣುವವರೆಗೂ ತಿರುಗಲಿಲ್ಲ.

ಬೀಗರ ಮನೆಯಲ್ಲಿ ಪಡಸಾಲೆ ತುಂಬ ಹೆಣ್ಣುಮಕ್ಕಳು. ಬೀಗತಿ ಗೌರವ್ವ ಪ್ರೀತಿಯಿಂದ ನಮ್ಮ ಚೀಲ ಇಸಿದುಕೊಂಡರು. “ಬಳಿ ಇದರಾಗ ಅದಾವೇನ್ರಿ?” ಎನ್ನುತ್ತ ಎಲ್ಲರೆದುರು ಕೈ ಹಾಕಿದರು. ಹೊರಗೆ ಬಂದದ್ದು ಕರಿ ಬಾಲದ ಮೌಸ್! ಅದರ ಹಿಂದೆ ವೈರುಗಳು, ಅವುಗಳ ಹಿಂದೆ ಇನ್ನಷ್ಟು ವೈರುಗಳು. ಬಳೆ ಮತ್ತು ಉಂಡಿಯಿದ್ದ ಚೀಲ ರೋಣದಲ್ಲಿ, ನಮ್ಮ ಮನೆಯ ಮಂಚದ ಮೇಲೆ, ಸುಖವಾಗಿತ್ತು. ನಾನು ಎತ್ತಿದ್ದು ಅದರ ಪಕ್ಕದ ಚೀಲವನ್ನು.

“ಚಿಂತಿ ಮಾಡಬ್ಯಾಡ್ರಿ, ಇಲ್ಲೇ ಬಳಿಗಾರನ್ನ ಕರಸೂಣು,” ಎಂದರು ಗೌರವ್ವ, ದೊಡ್ಡ ಮನಸ್ಸಿನವರು. ಸೀರೆಯ ಅಂಚಿಗೆ ಬಸ್ಸಿನ ಸೀಟಿನ ಎಣ್ಣೆಯ ಕಲೆ ಆಗಿತ್ತು. ಅದನ್ನೂ ಅವರು ಮಡಿಕೆಯೊಳಗೆ ಮುಚ್ಚಿದರು. ಶಾರದಾ ಮಾತ್ರ ನನ್ನನ್ನು ನೋಡಿದ ನೋಟವನ್ನು ಮುಚ್ಚಲಿಲ್ಲ.

ಇರಲಿ. ಯೋಧನಾದವನು ಇಂಥ ಸಣ್ಣ ವಿಷಯಗಳಿಗೆ ಕುಗ್ಗಬಾರದು. ಒಳಕೋಣೆಯಲ್ಲಿ ಟಿವಿಯ ಎದುರು ನನ್ನ ಕಂಪ್ಯೂಟರನ್ನು ಜೋಡಿಸಿದೆ. ಗೋಡೆಯಲ್ಲಿ ಕರೆಂಟಿನ ಜಾಗ ಖಾಲಿ ಇರಲಿಲ್ಲ. ಮೂಲೆಯೊಂದರಲ್ಲಿ ದಪ್ಪ ಪ್ಲಗ್ಗು ಕಂಡಿತು. ಕಿತ್ತೆ, ನನ್ನದನ್ನು ಚುಚ್ಚಿದೆ. ಅದು ಯಾವುದರ ಪ್ಲಗ್ಗು ಎಂದು ನೋಡಲಿಲ್ಲ. ಗಂಡಸರು ಅಂಥದ್ದನ್ನೆಲ್ಲ ನೋಡುತ್ತ ಕೂಡುವುದಿಲ್ಲ.

ಹೊರಗೆ ಆರತಿ, ಹಾಡು, ಬಳೆ ತೊಡಿಸುವುದು ಮುಗಿಯುವ ಹೊತ್ತಿಗೆ ಗಂಡಸರೆಲ್ಲ ಒಳಕೋಣೆಗೆ ಬಂದರು. ರಾಜೇಸಾಬರು ಕುರ್ಚಿಯಲ್ಲಿ ಗಂಭೀರವಾಗಿ ಕುಳಿತು “ಸುರು ಮಾಡ್ರಿ” ಎಂದರು.

ಬೀಗರು ಲೋಡಿಗೆ ಒರಗಿ ಕೈಯಲ್ಲಿದ್ದ ರಿಮೋಟಿನಂಥದ್ದರ ಗುಂಡಿ ಒತ್ತಿದರು. ಟಿವಿಯಲ್ಲಿ ಆಟ ತೆರೆಯಿತು. ನಾನು ನನ್ನ ಗುಂಡಿ ಒತ್ತಿದೆ. ನೀಲಿ ಪರದೆಯ ಮೇಲೆ ಒಂದು ಚಕ್ರ ತಿರುಗತೊಡಗಿತು. ‘ಅಪ್‌ಡೇಟ್ ನಡೆಯುತ್ತಿದೆ, ದಯವಿಟ್ಟು ಆಫ್ ಮಾಡಬೇಡಿ.’

“ಬೀಗರ, ಕುದುರಿ ಯಾಕ ನಿಂತತ್ರಿ?” ಅಂದಾನಪ್ಪ ಕೇಳಿದರು.

“ನೀರ ಕುಡ್ಯಾಕತ್ತೈತಿ,” ಎಂದೆ. ಸೋಲೊಪ್ಪುವುದುಂಟೇ!

ಅವರು ತೊಟ್ಟಿಲಿನ ಕಾಲು ನಿಲ್ಲಿಸಿದರು, ಚಕ್ರ ತಿರುಗಿತು. ಅವರು ಬದಿಯ ಹಲಗೆ ಜೋಡಿಸಿದರು, ಚಕ್ರ ತಿರುಗಿತು. ಬಂದವರಿಗೆಲ್ಲ ಪಾನಕ ಹಂಚಿದರು, ಚಕ್ರ ತಿರುಗುತ್ತಲೇ ಇತ್ತು. ಮಧ್ಯೆ ಎಲ್ಲಿಂದಲೋ ಟೀಂ ಟೀಂ ಎಂಬ ಸದ್ದು ಬಂತು. ಅದು ನನ್ನ ಕಂಪ್ಯೂಟರು ಮೈಕೊಡವಿ ಏಳುವ ಸದ್ದೆಂದು ಎಲ್ಲರಿಗೂ ವಿವರಿಸಿದೆ. ಕೊನೆಗೂ ಆಟ ತೆರೆಯಿತು. ಒಂದು ಕಟ್ಟಿಗೆಯ ಚೌಕ ಇಟ್ಟೆ.

ಅಷ್ಟರಲ್ಲಿ ಟಿವಿ ಕಪ್ಪಾಯಿತು! ಪಂಖ ನಿಂತಿತು. ದೀಪ ಆರಿತು. ಅಡಿಗೆಮನೆಯಲ್ಲಿ ಮಿಕ್ಸರ್ ಗಪ್ಪಾಯಿತು. ಇಡೀ ಮನೆಯಲ್ಲಿ ಉರಿಯುತ್ತಿದ್ದದ್ದು ಒಂದೇ, ನನ್ನ ಕಂಪ್ಯೂಟರು!

ನಾನು ಎದ್ದು ನಿಂತೆ. “ನೋಡ್ರಿ! ಡಬ್ಬಿ ಮಲಗಿತು, ಕಂಪ್ಯೂಟರ್ ನಿಂತೈತಿ! ಇದಕ್ಕ ಅನ್ನೂದು ತಾಕತ್ತು!”

ರಾಜೇಸಾಬರು ಗಡ್ಡ ನೀವಿಕೊಂಡರು. “ಇವರದು ಒಂದ ತುಂಡಾರೂ ಕಾಣಸತೈತಿ. ಅವರದು ಏನೂ ಕಾಣವಲ್ದು. ನಾ ನೋಡೂದಾದ್ರ, ರೋಣದವರ ಗೆದ್ರು.”

“ಸಕ್ಕರಿ ತರ್ರಿ, ಹಂಚೂಣು!” ಎಂದು ಕೂಗಿದೆ.

ಸಕ್ಕರೆಯ ಬದಲು ಗೌರವ್ವ ಬಂದರು. ಓಣಿಯಲ್ಲೆಲ್ಲ ಕರೆಂಟ್ ಇದೆ, ನಮ್ಮ ಮನೆಯಲ್ಲಷ್ಟೇ ಯಾಕಿಲ್ಲ ಎಂದು ಮೂಲೆ ಮೂಲೆ ನೋಡುತ್ತ ಬಂದವರು, ನೆಲದ ಮೇಲೆ ಬಿದ್ದಿದ್ದ ದಪ್ಪ ಪ್ಲಗ್ಗನ್ನು ಎತ್ತಿ ಹಿಡಿದರು.

“ಅಯ್ಯ! ಇನ್ವರ್ಟರಿನ ಪ್ಲಗ್ ಯಾರ ಕಿತ್ತಾರ್ರೀ? ಅದಕ್ಕ ಬ್ಯಾಟರಿ ಖಾಲಿ ಆಗೈತಿ!”

ನಾನು ಅದನ್ನು ಕಿತ್ತಾಗಿನಿಂದ ಇಡೀ ಮನೆ ಬ್ಯಾಟರಿಯ ಮೇಲೆ ನಡೆದಿತ್ತು. ಟೀಂ ಟೀಂ ಎಂದು ಅತ್ತದ್ದು ಅದು. ಆ ಪ್ಲಗ್ಗಿನ ಜಾಗದಲ್ಲಿ ಚುಚ್ಚಿಕೊಂಡು ಓಣಿಯ ಕರೆಂಟನ್ನು ನೇರವಾಗಿ ಕುಡಿಯುತ್ತಿದ್ದ ನನ್ನ ವೈರನ್ನು ಎಲ್ಲರ ಕಣ್ಣುಗಳೂ ಹಿಡಿದು ಬಂದು ನನ್ನ ಮುಖದ ಮೇಲೆ ನಿಂತವು.

ಬೀಗರು ಎದ್ದರು. ಧ್ವನಿಯಲ್ಲಿ ಚೇಷ್ಟೆ ಇರಲಿಲ್ಲ. “ಬೀಗರ, ಆಟ ಆಟಾರಿ. ಆದ್ರ ಇದು ಮೋಸ ಆತು.”

“ಖರೇನ ಗೊತ್ತಿರಲಿಲ್ರೀ...” ಎಂದೆ. ಬಾಗಿಲಲ್ಲಿ ಶಾರದಾ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. ಮಗಳನ್ನು ಕೊಟ್ಟ ಮನೆಯಲ್ಲಿ ಮೋಸಗಾರ ಎನ್ನಿಸಿಕೊಂಡಿದ್ದೆ. ಆ ಹೊತ್ತಿಗೆ ಮಾತ್ರ ನನಗೆ ಯಾವ ಆಟವೂ ಬೇಡವಾಯಿತು.

ಆಗ ಸುಮಾ ಬಂದಳು. ಕಲೆಯಾದ ಹಸಿರು ಸೀರೆ, ಕೈತುಂಬ ಹೊಸ ಬಳೆ, ಹಣೆಯ ಮೇಲೆ ಬೆವರು.

“ಏನ್ ಗದ್ಲ ಇದು? ಪಂದ್ಯ ಅಂತಲ್ಲ, ಏನ ಕಟ್ಟೀರಿ ಪಂದ್ಯಕ್ಕ?”

ರಾಜೇಸಾಬರು ಮೆಲ್ಲಗೆ ಹೇಳಿದರು: “ಕೂಸಿನ ಹೆಸರು, ಅವ್ವಾ.”

ಸುಮಾ ನನ್ನನ್ನು ನೋಡಿದಳು, ಮಾವನನ್ನು ನೋಡಿದಳು. “ಅಪ್ಪಾ, ನನ್ನ ಒಂದ ಮಾತ ಕೇಳಿದ್ಯಾ? ಮಾವಾರ, ನೀವಾರೂ ಕೇಳಿದ್ರಿ? ಹೊತಗೊಂಡು ತಿರಗಾಕಿ ನಾ. ಹೆಣ್ಣಾದ್ರೂ ನಾನ ಹೆಸರ ಇಡಾಕಿ, ಗಂಡಾದ್ರೂ ನಾನ ಹೆಸರ ಇಡಾಕಿ. ನೀವಿಬ್ಬರೂ ಏಳ್ರಿ, ಬಂದ ಮಂದಿಗೆ ಊಟಕ್ಕ ಬಡಸ್ರಿ.”

ಎದ್ದೆವು. ಮತ್ತೇನು ಮಾಡುವುದು! ಪಂಖವಿಲ್ಲದ ಸೆಕೆಯಲ್ಲಿ ನಾನು ಅನ್ನದ ಬುಟ್ಟಿ ಹಿಡಿದೆ, ಬೀಗರು ಸಾರಿನ ಬಕೆಟ್ ಹಿಡಿದರು. ನಾನು ಹಾಕಿದ ಅನ್ನದ ಮೇಲೆ ಅವರು ಸಾರು ಹಾಕುತ್ತ, ಇಡೀ ಸಾಲು ನಡೆದೆವು. ಸಾಲಿನ ಕೊನೆಗೆ ಬಂದಾಗ ಬೀಗರು ತಡೆಯಲಾರದೆ ಹೇಳಿದರು: “ನಂದು ಹಗ್ಗ ಒಂದ ಕಟ್ಟೂದ ಉಳದಿತ್ರೀ.”

“ಪ್ಲಗ್ ನೋಡಬೇಕಾಗಿತ್ತು, ತಪ್ಪ ನಂದು,” ಎಂದೆ. ಅವರು ನನ್ನ ಬುಟ್ಟಿ ಖಾಲಿಯಾದದ್ದನ್ನು ನೋಡಿ ತಾವೇ ಹೋಗಿ ಅನ್ನ ತುಂಬಿಸಿಕೊಂಡು ಬಂದರು.

ಊಟವಾದ ಮೇಲೆ ಮಹೇಶ ಎಲ್ಲ ಪ್ಲಗ್ಗುಗಳನ್ನೂ ಅವುಗಳ ಜಾಗಕ್ಕೆ ಸೇರಿಸಿ, ನನ್ನ ಕಂಪ್ಯೂಟರಿಗೆ ಪಡಸಾಲೆಯಿಂದ ಬೇರೆ ವೈರು ಎಳೆದ. ಡಬ್ಬಿ ಮತ್ತೆ ಹೊತ್ತಿಕೊಂಡಿತು. ಬೀಗರ ತೊಟ್ಟಿಲು ಇದ್ದ ಹಾಗೇ ಇತ್ತು! ಡಬ್ಬಿ ಎಲ್ಲವನ್ನೂ ತಾನೇ ಉಳಿಸಿಕೊಂಡಿತ್ತು. ರಾಜೇಸಾಬರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

“ಗ್ವಾದ್ಲಿ ಭಾಳ ಚಲೋ ಕಟ್ಟೀರಿ ಅಂದಾನಪ್ಪನವ್ರ. ಎಷ್ಟ ದನಾ ಮೇಯಬಹುದು ಇದರಾಗ?”

ದನಕ್ಕೆ ಮೇವು ಹಾಕುವ ಗೋದಲಿ! ನೋಡಿದರೆ ಖರೇನೇ, ಅದೇ ಆಕಾರ. ನಾನು ನಕ್ಕೆ. ನನ್ನ ಪರದೆಯ ಮೇಲಿನ ಒಂಟಿ ತುಂಡನ್ನು ತೋರಿಸಿ ಬೀಗರು “ಇದು ಆ ದನಾ ಕಟ್ಟೂ ಗೂಟೇನ್ರಿ?” ಎಂದರು. ಅವರೂ ನಕ್ಕರು. ಬಾಗಿಲಲ್ಲಿದ್ದ ಸುಮಾಳ ಮುಖ ಸ್ವಲ್ಪ ಸಡಿಲಾಯಿತು.

ಆಗ ಮಹೇಶ ಮೆಲ್ಲಗೆ ಹೇಳಿದ: “ಮಾಮಾರ, ಡಬ್ಬಿಯಾಗ ಆಡಾವ್ರೂ ಕಂಪ್ಯೂಟರನ್ಯಾಗ ಆಡಾವ್ರೂ ಒಂದ ಊರಾಗ ಕೂಡಿ ಆಡಬಹುದ್ರಿ. ಈ ಆಟದಾಗ ಅದಕ್ಕ ದಾರಿ ಐತಿ.”

“ಮದ್ಲ ಯಾಕ ಹೇಳಲಿಲ್ಲ?” ಇಬ್ಬರೂ ಗದರಿದೆವು.

“ನೀವಿಬ್ಬರೂ ಕೇಳಬೇಕಲ್ರಿ,” ಎಂದ.

ಈಗ ನಾನು ರೋಣದಿಂದ, ಅವರು ಗಜೇಂದ್ರಗಡದಿಂದ, ಒಂದೇ ಊರಿನಲ್ಲಿ ಕಟ್ಟುತ್ತಿದ್ದೇವೆ. ಶಾಂತಿ ನೆಲೆಸಿದೆ ಎಂದುಕೊಳ್ಳಬೇಡಿ! ನಿನ್ನೆ ಫೋನು ಬಂತು.

“ಬೀಗರ, ನಿಮ್ಮ ಗ್ವಾಡಿ ನನ್ನ ಜಾಗಾದಾಗ ಬಂದೈತಿ. ಹಿಂದಕ್ಕ ತೊಗೋರಿ.”

“ತೊಗೋಳೂದಿಲ್ರೀ! ಕಂಪ್ಯೂಟರನ್ಯಾಗ ಕಟ್ಟಿದ ಗ್ವಾಡಿ ಅದು. ನಿಮ್ಮ ಡಬ್ಬಿಯಿಂದ ಅಲಗಾಡಿಸಿ ನೋಡ್ರಿ!” ಎಂದು ಹಿತ್ತಲಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಗುಡುಗಿದೆ. ದೊಡ್ಡ ಡಬ್ಬಿಗಳು ಎಷ್ಟೇ ಬರಲಿ, ನಾನು ಒಂದು ಚೌಕವೂ ಹಿಂದೆ ಸರಿಯುವವನಲ್ಲ.

ಅಲ್ಲೇ ಶಾರದಾ ಮೆಣಸಿನಕಾಯಿ ಒಣಹಾಕುತ್ತಿದ್ದಳು. ತಲೆ ಎತ್ತದೆ ಕೇಳಿದಳು: “ಹೋದ ಮಳಿಗೆ ನಮ್ಮ ಹಿತ್ತಲ ಗ್ವಾಡಿ ಬಿದ್ದೈತಲ್ರೀ, ಅದನ್ನ ಯಾವುದರಾಗ ಕಟ್ಟತೀರಿ? ಕಂಪ್ಯೂಟರನ್ಯಾಗೋ, ಟಿವಿಯಾಗೋ?”

“ಕಂಪ್ಯೂಟರನ್ಯಾಗ!” ಎಂದೆ, ಎದೆಯುಬ್ಬಿಸಿ.

ಅಷ್ಟರಲ್ಲಿ ಪಕ್ಕದ ಮನೆಯ ಎಮ್ಮೆ ಹಿತ್ತಲ ಗೋಡೆ ಇರಬೇಕಾದ ಜಾಗದಿಂದ ನಿಧಾನವಾಗಿ ನಡೆದು ಬಂದು, ನನ್ನನ್ನು ಲೆಕ್ಕಕ್ಕೇ ಇಡದೆ, ಮೆಣಸಿನಕಾಯಿಯ ಮೇಲೆ ಹಾದು ಹೋಯಿತು.