ನಮ್ಮ ಥಂಡಿ ಬೀಗರು

ಕಾಗವಾಡ ಸೀಮೆಯಲ್ಲಿ ಚಳಿ ಬೀಳಬೇಕಾದರೆ ಮೊದಲು ನಮ್ಮ ಬೀಗರ ಅಪ್ಪಣೆ ಆಗಬೇಕು! ಉತ್ತರದಿಂದ ಹೊರಟ ತಣ್ಣನೆಯ ಗಾಳಿ ಬೀಗರ ಊರಾದ ಶಿರಗುಪ್ಪಿಯ ಅಗಸಿ ಬಾಗಿಲಿಗೆ ಬಂದು, ಚಪ್ಪಲಿ ಬಿಟ್ಟು, "ಒಳಗ ಬರ್ಲೇನ್ರಿ?" ಎಂದು ಕೇಳುತ್ತದೆ. ಬೀಗರು ಥರ್ಮಾಮೀಟರ್ ನೋಡಿ "ಹೂಂ, ಬಾ" ಅಂದ ಮೇಲೆಯೇ ಊರ ಜನ ಟ್ರಂಕಿನಿಂದ ಸ್ವೆಟರ್ ತೆಗೆಯುವುದು. ಸುಳ್ಳು ಅನ್ನುತ್ತೀರಾ? ಎಪ್ಪತ್ತೆರಡು ವರ್ಷದಿಂದ ಕಂಡಕಂಡವರನ್ನು ಮಂಗ ಮಾಡುತ್ತ ಬಂದವನು ನಾನು, ಒಪ್ಪಿದೆ. ಆದರೆ ನಮ್ಮ ಬೀಗರ ವಿಷಯದಲ್ಲಿ ನಾನು ಹೇಳುವ ಸುಳ್ಳಿನಲ್ಲೂ ಮುಕ್ಕಾಲು ಪಾಲು ಖರೇನೇ ಇರುತ್ತದೆ.

ಬೀಗರು ಎಂದರೆ ನನ್ನ ಮಗಳ ಮಾವ. ಹೈಸ್ಕೂಲಿನ ಪ್ರಯೋಗಶಾಲೆಯಲ್ಲಿ ಸಹಾಯಕರಾಗಿ, ಇಡೀ ನೌಕರಿಯನ್ನು ಗಾಜಿನ ಕೊಳವೆ ತೊಳೆಯುವುದರಲ್ಲೇ ಕಳೆದು ನಿವೃತ್ತರಾದವರು. ನಿವೃತ್ತಿಯ ದಿನ ಬೇರೆಯವರು ಶಾಲು, ಗೋಡೆ ಗಡಿಯಾರ ತೆಗೆದುಕೊಂಡು ಮನೆಗೆ ಹೋಗುತ್ತಾರೆ. ಇವರು "ನನಗೊಂದು ಥರ್ಮಾಮೀಟರ್ ಕೊಡ್ರಿ ಸಾಕು" ಎಂದು ಕೇಳಿ ಪಡೆದರು. ಅವತ್ತಿನಿಂದ ಅದು ಅವರ ಅಂಗಳದ ಬೇವಿನ ಮರಕ್ಕೆ ನೇತುಬಿದ್ದಿದೆ. ಬೀಗರು ಅದಕ್ಕೆ ನೇತುಬಿದ್ದಿದ್ದಾರೆ. ಹೆಸರು ಮಾತ್ರ ನಾನು ಹೇಳುವುದಿಲ್ಲ. ಹೇಳಿದರೆ ನೀವು ನಂಬರ್ ಹುಡುಕುತ್ತೀರಿ, ನಾಳೆಯಿಂದ ಮುಂಜಾನೆ ಐದೂ ಮುಕ್ಕಾಲಕ್ಕೆ ನಿಮಗೂ ಫೋನ್ ಬರುತ್ತದೆ, ಆಮೇಲೆ ನನ್ನನ್ನು ಬೈಯುತ್ತೀರಿ.

ಮಗಳನ್ನು ನೋಡಲು ಅವರು ಮೊದಲ ಸಲ ಹಾರೂಗೇರಿಗೆ, ನಮ್ಮ ಮನೆಗೆ ಬಂದ ದಿನವೇ ನನಗೆ ಇವರು ಸಾಮಾನ್ಯರಲ್ಲ ಎಂದು ಗೊತ್ತಾಯಿತು. ಹುಡುಗಿ ಚಹಾ ತಂದಿಟ್ಟಳು. ಎಲ್ಲರೂ ಓದೆಷ್ಟು, ಅಡುಗೆ ಬರುತ್ತದೆಯೇ ಎಂದು ಕೇಳುತ್ತಿದ್ದರೆ ಇವರು ನನ್ನ ಕಡೆ ತಿರುಗಿ ಗಂಭೀರವಾಗಿ ಕೇಳಿದರು.

"ನಿಮ್ಮೂರಾಗ ಡಿಸೆಂಬರದಾಗ ಎಷ್ಟಕ್ಕ ಇಳಿತೈತ್ರಿ?"

ನಾನು ಬಿಡುವವನೇ? "ನಾವು ಇಳಿಸಿದಷ್ಟು ಇಳಿತೈತ್ರಿ" ಎಂದೆ.

ಉಳಿದವರು ನಕ್ಕರು. ಇವರು ನಗಲಿಲ್ಲ. ಜೇಬಿನಿಂದ ಪುಟ್ಟ ಪುಸ್ತಕ ತೆಗೆದು, "ಅಂದಾಜ ಹೇಳ್ರಿ, ಬರಕೋತೀನಿ" ಎಂದರು. ಅದೇ ಕ್ಷಣ ನಾನು ಮನಸ್ಸಿನಲ್ಲಿ ಸಂಬಂಧ ಪಕ್ಕಾ ಮಾಡಿದೆ. ಇಂಥ ಮನುಷ್ಯನನ್ನು ಜೀವನಪೂರ್ತಿ ಕಾಡಿಸಬಹುದು, ಇದಕ್ಕಿಂತ ಒಳ್ಳೆಯ ಬೀಗತನ ಎಲ್ಲಿ ಸಿಕ್ಕೀತು?

ಡಿಸೆಂಬರ್ ಕೊನೆಯ ವಾರದಿಂದ ಸಂಕ್ರಾಂತಿಯವರೆಗೆ ಜಗತ್ತಿಗೆಲ್ಲ ಹಬ್ಬ, ರಜೆ. ನಮ್ಮ ಬೀಗರಿಗೆ ಮಾತ್ರ ಡ್ಯೂಟಿ! ಮುಂಜಾನೆ ರೇಡಿಯೋದಲ್ಲಿ ಕನ್ನಡದ ಹವಾಮಾನ, ಆಮೇಲೆ ಟೀವಿಯಲ್ಲಿ ಮರಾಠಿ ಹವಾಮಾನ, ಎರಡು ಫೋನಿನಲ್ಲಿ ಎರಡು ಬಗೆಯ ಹವಾಮಾನ. ಇವೆಲ್ಲ ಕೇಳಿ, ನೋಡಿ, ಒಂದನ್ನೂ ನಂಬದೆ ಮಂಕಿ ಕ್ಯಾಪ್ ಹಾಕಿಕೊಂಡು ಬೇವಿನ ಮರದ ಹತ್ತಿರ ಹೋಗುತ್ತಾರೆ. ನೋಡುತ್ತಾರೆ. ಬರೆಯುತ್ತಾರೆ. ನನಗೆ ಫೋನ್ ಮಾಡುತ್ತಾರೆ.

"ಬೀಗರ, ಇವತ್ತ ನಮ್ಮಲ್ಲಿ ಒಂಬತ್ತು ಪಾಯಿಂಟ್ ನಾಕು. ನಿಮ್ಮಲ್ಲಿ?"

ನಮ್ಮ ಮನೆಯಲ್ಲಿ ಥರ್ಮಾಮೀಟರ್ ಎಲ್ಲಿದೆ? ಇರುವುದೊಂದು ಜ್ವರ ನೋಡುವ ಕಡ್ಡಿ. ಆದರೂ ಹಾರೂಗೇರಿಯ ಮರ್ಯಾದೆ ಕಾಯಬೇಕಲ್ಲ! ನಾನು ಹಾಸಿಗೆಯಲ್ಲೇ ಮಲಗಿ, "ಒಂಬತ್ತು ಪಾಯಿಂಟ್ ಮೂರು" ಎಂದುಬಿಡುತ್ತೇನೆ. ಪಾಪ, ಇಡೀ ದಿನ ಅವರಿಗೆ ಊಟ ಸೇರುವುದಿಲ್ಲವಂತೆ.

ಒಮ್ಮೆ ಅವರ ಹೊಸ ಫೋನು ನಾಲ್ಕು ದಿನ ಒಂದೇ ಸಮ ಹದಿನಾರು, ಹದಿನೇಳು ಎಂದು ತೋರಿಸಿತು. ಬೇವಿನ ಮರ ಹತ್ತು ಎನ್ನುತ್ತಿದೆ! ಬೀಗರು ಮೂವತ್ತು ಮಂದಿಯನ್ನು ಕರೆದು ಮರದ ಕೆಳಗೆ ನಿಲ್ಲಿಸಿ, "ಖರೆ ಹೇಳ್ರಿ, ನಿಮಗ ಎಷ್ಟ ಅನ್ನಸ್ತೈತಿ?" ಎಂದು ಪಂಚಾಯಿತಿ ಮಾಡಿದರು. ಐದನೇ ದಿನ ಆ ಫೋನು "ಈಗ ನಿಮ್ಮಲ್ಲಿ ಮಳೆ ಬರುತ್ತಿದೆ" ಎಂದಾಗ ಗುಟ್ಟು ಬಯಲಾಯಿತು. ಅದು ತೋರಿಸುತ್ತಿದ್ದದ್ದು ಹುಬ್ಬಳ್ಳಿ ಕಡೆಯ ಇನ್ನೊಂದು ಶಿರಗುಪ್ಪಿಯ ಹವೆ! "ಮಂದಿ ಊರಿನ ಥಂಡಿ ನಾಕು ದಿನ ನಾವು ಅನುಭವಿಸಿಬಿಟ್ವಲ್ರಿ ಬೀಗರ" ಎಂದು ಅವರು ಅತ್ತುಕೊಂಡ ಹಾಗೆ ಹೇಳಿದರು. "ವಾಪಸ್ ಕೊಟ್ಟ ಬಿಡ್ರಿ" ಎಂದೆ.

ನನ್ನ ಬಾಯಿಗೆ ಅವರು ಸೋತದ್ದೇ ಹೆಚ್ಚು. ಒಂದು ಸಲ ನಾನೂ ಸೋತಿದ್ದೇನೆ, ಹೇಳಿಬಿಡುತ್ತೇನೆ. ಹೊಸ ವರ್ಷಕ್ಕೆ ಅವರ ಮನೆಗೆ ಹೋಗಿದ್ದೆವು. ಅಳಿಯ ತಂದಿಟ್ಟ ಕುಲ್ಫಿ ಫ್ರಿಜ್ಜಿನಲ್ಲಿತ್ತು. ಮುಂಜಾನೆ ಅವರಿಗಿಂತ ಮೊದಲೇ ಎದ್ದು, ಕುಲ್ಫಿಯನ್ನು ಥರ್ಮಾಮೀಟರಿನ ಬುಡಕ್ಕೆ ಹಿಡಿದೆ. ಸರ್ರನೆ ಇಳಿಯಿತು, ಮೂರು ಡಿಗ್ರಿ! ಓಡಿ ಬಂದು ಹೊದ್ದು ಮಲಗಿ ಗೊರಕೆ ಹೊಡೆದೆ. ಬೀಗರು ಹೊರಗೆ ಹೋದರು. ಇನ್ನೇನು ಊರೆಲ್ಲ ಎಬ್ಬಿಸುತ್ತಾರೆ ಎಂದು ನಾನು ರಗ್ಗಿನೊಳಗೆ ಬಾಯಿ ಒತ್ತಿಕೊಂಡಿದ್ದೆ. ಅವರು ಸಾವಕಾಶ ಬಂದು ನನ್ನ ತಲೆದಿಂಬಿನ ಹತ್ತಿರ ಕೂತರು.

"ಬೀಗರ, ಇವತ್ತಿನ ಥಂಡಿಗೆ ಏಲಕ್ಕಿ ವಾಸನಿ ಐತಲ್ರಿ."

ನಗಬೇಡಿ. ಈ ಮನುಷ್ಯನ ಬೆಲೆ ನಮ್ಮ ಕಡೆಯ ದ್ರಾಕ್ಷಿ ತೋಟದವರನ್ನು ಕೇಳಬೇಕು. ಕಾಯಿ ಹಿಡಿದ ಬಳ್ಳಿಗೆ ಅತಿ ಚಳಿ ಬಡಿದರೆ ವರ್ಷದ ದುಡಿಮೆ ಹೋದಂತೆ. ಬೀಗರು "ಎಂಟರ ಕೆಳಗ" ಎಂದರೆ ಸಾಕು, ಅಥಣಿ ಹಾದಿಯ ತೋಟಗಳ ಬದುವಿನಲ್ಲೆಲ್ಲ ಹಸಿ ಕಸಕ್ಕೆ ಬೆಂಕಿ ಬೀಳುತ್ತದೆ, ಹೊಗೆ ಏಳುತ್ತದೆ. ಟೀವಿ ಹೇಳಿದರೆ ಏಳದ ಜನ ನಮ್ಮ ಬೀಗರು ಹೇಳಿದರೆ ಏಳುತ್ತಾರೆ! ನಾನು ಹಾರೂಗೇರಿಯ ಬಸ್ ಸ್ಟ್ಯಾಂಡಿನಲ್ಲಿ ಇದನ್ನು ಎಷ್ಟು ಸಲ ಹೇಳಿದ್ದೇನೆಂದರೆ, ಚಹಾದ ಅಂಗಡಿಯವನು ನನ್ನನ್ನು ಕಂಡರೆ "ಕಾಕಾ, ಬೀಗರ ಸುದ್ದಿ ಇದ್ರ ಮೊದಲ ಚಹಾ ಕುಡೀರಿ" ಎನ್ನುತ್ತಾನೆ.

ಈಗ ಮುಖ್ಯ ಕಥೆ. ಅದಕ್ಕೊಂದು ಮಾತು ನಿಮಗೆ ಗೊತ್ತಿರಬೇಕು. ಮಂಜಿಗೆ ಮರಾಠಿಯಲ್ಲಿ 'ಧುಕೆ' ಎನ್ನುತ್ತಾರೆ. ಮರಾಠಿ ಹವಾಮಾನ ಕೇಳಿ ಕೇಳಿ ನಮ್ಮ ಬೀಗರ ಬಾಯಲ್ಲಿ ಮಂಜು ಎಂಬ ಶಬ್ದವೇ ಸತ್ತಿದೆ, ಬರೀ ಧುಕೆ. ನನಗೆ ಮರಾಠಿ ನೀರು ಕುಡಿದ ಹಾಗೆ. ನಮ್ಮಾಕೆ ಮಾತ್ರ ಗೋಕಾಕ ಕಡೆಯವಳು. ಮರಾಠಿ ಬರುವುದಿಲ್ಲ, ಬಲಗಿವಿ ಸ್ವಲ್ಪ ಮಂದ.

ಹೋದ ಸಂಕ್ರಾಂತಿ. ಮೊಮ್ಮಗನಿಗೆ ಮೊದಲ ಸಂಕ್ರಾಂತಿ. ಕೂಸಿನ ತಲೆಯ ಮೇಲೆ ಬೋರೆಹಣ್ಣು, ಕಬ್ಬಿನ ತುಂಡು, ಕುಸುರೆಳ್ಳು ಸುರಿಯುವ ಕಾರ್ಯಕ್ರಮ ಬೀಗರ ಮನೆಯಲ್ಲಿ. ನಾವು ಎಂಟು ಗಂಟೆಗೆ ಹೊರಡುವವರಿದ್ದೆವು. ಐದೂ ಮುಕ್ಕಾಲಕ್ಕೆ ಫೋನ್ ಬಂತು. ನಾನು ಬಚ್ಚಲ ಒಲೆಗೆ ಕಟ್ಟಿಗೆ ತುರುಕುತ್ತಿದ್ದೆ, ನಮ್ಮಾಕೆ ತೆಗೆದುಕೊಂಡಳು. ಬೀಗರು ಹೇಳಿದ್ದು ಇಷ್ಟು: "ಅಕ್ಕಾರ, ನಮ್ಮ ಕಡೆ ಭಾಳ ಧುಕೆ ಐತ್ರಿ. ಜಲ್ದಿ ಹೊಂಡಬ್ಯಾಡ್ರಿ." ಆಕೆಯ ಕಿವಿಗೆ ಬಿದ್ದದ್ದು "ಭಾಳ ದುಃಖ ಐತ್ರಿ. ಜಲ್ದಿ ಹೊಂ..." ಅಷ್ಟರಲ್ಲಿ ಫೋನ್ ಕಟ್ಟಾಯಿತು.

"ಏನ್ರೀ! ಬೀಗರ ಮನ್ಯಾಗ ಭಾಳ ದುಃಖ ಆಗೈತಂತ್ರಿ! ಜಲ್ದಿ ಹೊಂಡ್ರಿ ಅಂದ್ರು!"

ನನಗೆ ಆ ಕ್ಷಣವೇ ತಿಳಿಯಿತು. ಧುಕೆ! ಧುಕೆ ಹೋಗಿ ದುಃಖವಾಗಿದೆ! ಹೇಳಬೇಕಿತ್ತು ತಾನೇ? ನಲವತ್ತೈದು ವರ್ಷದ ಸಂಸಾರದಲ್ಲಿ ಇಂಥ ಅವಕಾಶ ನಾಲ್ಕು ಸಲ ಸಿಕ್ಕಿಲ್ಲ. ನಾನು ಮುಖ ಸಣ್ಣದು ಮಾಡಿ, "ಹಂಗಾರ ಹೋಗೂದ ಬಂತು. ನಾ ಎರಡ ತಂಬಿಗಿ ನೀರ ಹಾಕ್ಕೊಂಡ ಬರ್ತೀನಿ" ಎಂದು ಬಚ್ಚಲು ಸೇರಿ, ಬಾಗಿಲು ಹಾಕಿಕೊಂಡು, ಹೊಟ್ಟೆ ಹಿಡಿದು ನಕ್ಕೆ. ಮೈ ಒರೆಸಿಕೊಂಡು ಹೊರಬಂದು ಖರೆ ಹೇಳಿ, ಬೈಸಿಕೊಂಡು, ಚಹಾ ಕುಡಿಯುವುದು ನನ್ನ ಯೋಜನೆ. ಬಿಸಿ ನೀರು ಹಿತವಾಗಿತ್ತು. ಎರಡು ತಂಬಿಗೆ ಇಪ್ಪತ್ತಾದವು. ನಡುವೆ ಆಕೆ ಬಾಗಿಲ ಹೊರಗೆ ಏನೋ ಕೂಗಿದಳು. ಟವೆಲ್ ಇಟ್ಟಿದ್ದೇನೆ ಅಂದಿರಬೇಕು ಎಂದು "ಆತು, ಆತು" ಎಂದೆ.

ಹೊರಗೆ ಬಂದರೆ ಮನೆ ಖಾಲಿ! ಆಕೆಯ ಚಪ್ಪಲಿ ಬಾಗಿಲಲ್ಲೇ, ಫೋನು ಕಿಟಕಿಯಲ್ಲೇ. ಓಣಿಯಲ್ಲಿ ಕಸ ಗುಡಿಸುತ್ತಿದ್ದ ಪಕ್ಕದ ಮನೆಯಾಕೆ ಹೇಳಿದಳು.

"ಅತ್ತಿ ನಮ್ಮ ಪಿಕಪ್‌ದಾಗ ಹೋದ್ರಲ್ರಿ ಮಾಂವ. ಇವರು ಶಿರಗುಪ್ಪಿ ಮ್ಯಾಲಿಂದ ಮೀರಜಕ ಕಾಯಿಪಲ್ಯೆ ಒಯ್ಯಾಕ ಹೊಂಟಿದ್ರು. ನಿಮಗ ಹೇಳೀನಂದ್ರು, ನೀವೂ ಆತಂದ್ರಂತ."

ಅವಳ ಗಂಡನ ನಂಬರಿಗೆ ಹಚ್ಚಿದರೆ ಬಂದ್. ಅಲ್ಲಿಗೆ ನನ್ನ ನಗು ನಿಂತಿತು. ಕಬ್ಬು ನುರಿಸುವ ಹಂಗಾಮಿನ ದಿನ. ಕೃಷ್ಣೆ ದಾಟಿದರೆ ಸಕ್ಕರೆ ಫ್ಯಾಕ್ಟರಿಯವರೆಗೂ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಎಷ್ಟೋ ಟ್ರೇಲರುಗಳಿಗೆ ಹಿಂದೆ ದೀಪವೇ ಇರುವುದಿಲ್ಲ. ಆ ರಸ್ತೆಯಲ್ಲಿ ಮಂಜು ಬಿದ್ದರೆ ಏನಾಗುತ್ತದೆ ಎಂದು ನಮ್ಮ ಸೀಮೆಯ ಕೂಸಿಗೂ ಗೊತ್ತು. ಒದ್ದೆ ತಲೆಯಲ್ಲೇ ಬೀಗರಿಗೆ ಫೋನ್ ಮಾಡಿದೆ.

"ಬೀಗರ, ಧುಕೆ ಎಷ್ಟೈತಿ?"

"ನನ್ನ ಕೈ ನನಗ ಕಾಣವಲ್ದು. ಅದಕ್ಕ ಹೇಳೀನಲ್ರಿ ಅಕ್ಕಾರಿಗೆ, ಜಲ್ದಿ ಬರಬ್ಯಾಡ್ರಿ ಅಂತ."

ಎಲ್ಲ ಹೇಳಿದೆ. ಬಚ್ಚಲಿನಲ್ಲಿ ನಕ್ಕದ್ದನ್ನೂ ಹೇಳಿದೆ. ಅವರು ಬೈಯಲಿಲ್ಲ.

"ಎಷ್ಟಕ್ಕ ಬಿಟ್ರು?"

"ಆರಕ್ಕ."

"ಗಾಡಿ ಬಣ್ಣ?"

"ಬಿಳಿದು."

"ಧುಕೆದಾಗ ಬಿಳೇ ಗಾಡಿ!" ಎಂದರು. ಫೋನ್ ಇಟ್ಟುಬಿಟ್ಟರು.

ಸಿಕ್ಕ ಮೊದಲ ಬಸ್ಸು ಹತ್ತಿದೆ. ಕೃಷ್ಣೆಯ ಸೇತುವೆಯ ಮೇಲೆ ಬಂದಾಗ ಕೆಳಗೆ ನದಿಯೇ ಇರಲಿಲ್ಲ, ಮೇಲೆ ಆಕಾಶವೂ ಇರಲಿಲ್ಲ. ಬಸ್ಸು ಆಮೆಯ ಹಾಗೆ ತೆವಳುತ್ತಿತ್ತು. ರಸ್ತೆಯ ಬದಿಗೆ ಬಿಳಿಯದು ಏನು ಕಂಡರೂ ನಾನು ಎದ್ದು ನಿಲ್ಲುತ್ತಿದ್ದೆ. ಒಂದು ಸಲ ಅದು ಎಮ್ಮೆಯ ಮೇಲೆ ಹೊದಿಸಿದ ಬಿಳಿ ಚೀಲ, ಒಂದು ಸಲ ಮೈಲಿಗಲ್ಲು. ಕಂಡಕ್ಟರ್ ಎರಡು ಸಲ "ಅಜ್ಜಾ, ಕುಂದ್ರೋ" ಎಂದ. ಕೂತೆ, ಮತ್ತೆ ಎದ್ದೆ.

ಶಿರಗುಪ್ಪಿಗೆ ಸ್ವಲ್ಪ ಮೊದಲು ಒಂದು ಹಳ್ಳದ ತಗ್ಗು ಇದೆ. ಅಲ್ಲಿಗೆ ಬರುತ್ತಿದ್ದ ಹಾಗೆ ಮುಂದೆ ಢಣ ಢಣ ಢಣ ಎಂದು ಸಪ್ಪಳ ಕೇಳಿತು. ಡ್ರೈವರ್ ಬ್ರೇಕ್ ಒತ್ತಿದ. ಮಂಜಿನಿಂದ ಒಂದು ಆಕೃತಿ ಹೊರಬಂತು: ಮಂಕಿ ಕ್ಯಾಪು, ಅದರ ಮೇಲೆ ಮಫ್ಲರು, ಅದರ ಮೇಲೆ ರಗ್ಗು, ಕೊರಳಲ್ಲಿ ಬ್ಯಾಟರಿ, ಹೆಗಲಿಗೆ ಒರಗಿಸಿದ ಕಬ್ಬಿನ ಗಳಕ್ಕೆ ಕಟ್ಟಿದ ಕೆಂಪು ಇಳಕಲ್ ಸೀರೆ, ಒಂದು ಕೈಯಲ್ಲಿ ಹಿಟ್ಟು ನಾದುವ ಪರಾತ, ಇನ್ನೊಂದರಲ್ಲಿ ಸೌಟು!

"ಯಾವಾಂವ್ರೀ ಈ ಹುಚ್ಚ?" ಎಂದ ಪಕ್ಕದ ಸೀಟಿನವನು.

ಇಡೀ ಬಸ್ಸಿಗೆ ಕೇಳುವ ಹಾಗೆ ಕೂಗಿದೆ. "ನಮ್ಮ ಬೀಗರು!"

ನೂರು ಹೆಜ್ಜೆ ಮುಂದೆ, ರಸ್ತೆಯ ನಟ್ಟನಡುವೆ, ಅಚ್ಚು ಮುರಿದು ಕೂತ ಕಬ್ಬಿನ ಟ್ರೇಲರ್ ಇತ್ತು. ದೀಪವಿಲ್ಲ, ಕೆಂಪು ಪಟ್ಟಿಯಿಲ್ಲ. ಮಂಜು ಎಲ್ಲಿ ಹೆಚ್ಚು ನಿಲ್ಲುತ್ತದೆ ಎಂದು ಈ ಮನುಷ್ಯನಿಗೆ ಗೊತ್ತು, ಅಲ್ಲಿಗೇ ಓಡಿ ಬಂದಿದ್ದಾರೆ. ಬಂದು ನೋಡಿದರೆ ಇದು. ನಾನು ಇಳಿದೆ. ಟ್ರೇಲರಿನ ಕಡೆ ಓಡಲು ಹೊರಟೆ.

"ಅಕ್ಕಾರ ಮನೀಗ ಮುಟ್ಯಾರ" ಎಂದರು ಅವರೇ. "ಗಾಡಿ ಇಲ್ಲೇ ನಿಂತಿತ್ರಿ, ನನ್ನ ಮುಂದ. ಹಿಂಗ, ಇಷ್ಟ ದೂರದಾಗ."

"ಏನಂದ್ಲು?"

"ಇಳದು ನನ್ನ ಎರಡೂ ಕೈ ಹಿಡಕೊಂಡು, 'ಅಣ್ಣಾ, ಕೂಸು ಉಳದೈತೇನೋ?' ಅಂದ್ರು."

ನಾನು ಅಲ್ಲೇ ರಸ್ತೆಯ ಬದಿಗೆ ಕಲ್ಲಿನ ಮೇಲೆ ಕೂತೆ. ದುಃಖ ಎಂದರೆ ಯಾರೋ ದೂರದ ಮುದುಕಿ ಹೋಗಿರಬೇಕು ಎಂದುಕೊಂಡಾಳು ಅಂತ ನಾನು ತಿಳಿದಿದ್ದೆ. ಬರಿಗಾಲಲ್ಲಿ ಅಷ್ಟು ದೂರ ಆಕೆ ಏನು ಹೊತ್ತುಕೊಂಡು ಬಂದಿದ್ದಳು ಎಂಬುದು ನನಗೆ ಹೊಳೆದೇ ಇರಲಿಲ್ಲ.

"ಮನೀಗ ನಡೀರಿ. ಖರೆ ಏನಂತ ನಾನ ಆಕಿಗೆ ಹೇಳ್ತೀನಿ" ಎಂದೆ.

"ನಾ ಆಗಲೇ ಹೇಳೀನ್ರಿ. ಬೀಗರಿಗೂ ತಿಳೀಲಿಲ್ಲ, ಅವರೂ ದುಃಖಂತನ ತಿಳದು ಅಳಕೋತ ಫೋನ್ ಮಾಡಿದ್ರು ಅಂತ."

"ಸುಳ್ಳ ಹೇಳಿದ್ರಿ? ನೀವು?"

"ಅಕ್ಕಾರ ಗಡಗಡ ನಡಗಾಕತ್ತಿದ್ರು ಬೀಗರ. ನಿಮ್ಮ ಮ್ಯಾಲೂ ಸಿಟ್ಟ ಹೊರಿಸಿದ್ರ ಆ ಜೀವಕ್ಕ ಭಾರ ಆಗತಿತ್ತು."

ಎಂಟೂವರೆಗೆ ಬಿಸಿಲು ಬಂತು, ಟ್ರೇಲರ್ ಎಳೆಯುವ ಗಾಡಿಯೂ ಬಂತು. ಅಲ್ಲಿಯವರೆಗೆ ಬೀಗರು ಪರಾತ ಬಡಿದರು, ನಾನು ಸೀರೆ ಹಾರಿಸಿದೆ. ಎಷ್ಟು ಗಾಡಿ ನಿಲ್ಲಿಸಿದೆವೋ ಲೆಕ್ಕವಿಲ್ಲ. ಆಮೇಲೆ ಅಲ್ಲೇ ಹತ್ತಿರದ ಗೂಡಂಗಡಿಯ ಬೆಂಚಿನ ಮೇಲೆ ಇಬ್ಬರೂ ಕೂತು ಚಹಾ ಹೇಳಿದೆವು. ಸೌಟು ಕೆಳಗಿಡಲು ಹೋದರೆ ಅವರ ಬೆರಳು ಬಿಚ್ಚಲಿಲ್ಲ. ನಾನು ಒಂದೊಂದಾಗಿ ಬಿಡಿಸಿದೆ. ಕೈ ಕಬ್ಬಿಣದ ಹಾಗೆ ತಣ್ಣಗಿತ್ತು. ನನ್ನ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು ತಿಕ್ಕಿದೆ.

"ಬಿಡ್ರಿ ಬೀಗರ, ಮಂದಿ ನೋಡ್ತಾರ."

"ನೋಡಲಿ."

ಚಹಾ ಬಂತು. ಕುಡಿಯಬೇಕಾದರೆ ಕೈ ಬಿಡಬೇಕಿತ್ತು. ನಾನು ಬಿಡಲಿಲ್ಲ, ಅವರೂ ಎಳೆದುಕೊಳ್ಳಲಿಲ್ಲ. ಎರಡೂ ಕಪ್ಪು ನಮ್ಮ ಮುಂದೆಯೇ ಆರಿ ಕೆನೆಗಟ್ಟಿದವು.